ಮನೆ ಆಮೇಲೆ ನೋಡಿ, ಮೊದಲು ಬೀದಿ ನೋಡಿ

ಭಾನುವಾರ ಬೆಳಗ್ಗೆ 11 ಗಂಟೆಗೆ ನೋಡಿದರೆ ಯಾವ ಬೀದಿಯಾದರೂ ಚೆನ್ನಾಗಿಯೇ ಕಾಣುತ್ತದೆ. ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಹೊಸ ಊರಲ್ಲಿ ಕೆಲಸ ಸಿಕ್ಕಿತ್ತು, ಮನೆ ಹುಡುಕಲು ಇದ್ದದ್ದು ಎರಡೇ ದಿನ. ಏಜೆಂಟ್ ಒಬ್ಬರು ಒಂದೇ ಬೆಳಗ್ಗೆ ಐದು ಮನೆ ತೋರಿಸಿದರು. ನಾಲ್ಕು ಅಷ್ಟಕ್ಕಷ್ಟೇ. ಐದನೆಯದರ ಬಾಗಿಲು ತೆಗೆದರೆ ಹಾಲ್ ತುಂಬಾ ಬೆಳಕು. ಸಹಿ ಹಾಕಿಬಿಟ್ಟೆ. ಸಾಮಾನು ಇಳಿಸಿದ ಮಾರನೇ ದಿನ ಸೋಮವಾರ, ಬೆಳಗ್ಗೆ ಆರೂವರೆಗೆ ಹಿಂದುಗಡೆ ಶೆಡ್ಡಿನ ಶಟರ್ ಮೇಲೆದ್ದಿತು, ಕಬ್ಬಿಣ ಕತ್ತರಿಸುವ ಮೆಷಿನ್ ಶುರುವಾಯಿತು, ಅದು ನಿಂತದ್ದು ಸಂಜೆ ಏಳಕ್ಕೆ. ಶೆಡ್ಡಿಗೆ ವಾರದ ರಜೆ ಭಾನುವಾರ. ಏಜೆಂಟ್‌ಗೆ ಫೋನ್ ಮಾಡಿ ರೇಗಿದೆ. "ನೀವು ಕೇಳಲೇ ಇಲ್ಲವಲ್ಲ ಸರ್" ಎಂದರು. ನಿಜ, ಕೇಳಿರಲಿಲ್ಲ.

ನಮ್ಮಲ್ಲಿ ಜಾಸ್ತಿ ಜನ ಮಾಡುವುದು ಹೀಗೇ. ಮೊದಲು ಏಜೆಂಟ್‌ಗೆ ಫೋನ್, ಆಮೇಲೆ ಅವರು ತೋರಿಸಿದ ಮನೆ. ಅದು ಯಾವ ಏರಿಯಾದಲ್ಲಿ ಇದೆಯೋ ಅದೇ ನಮ್ಮ ಏರಿಯಾ. ಇದನ್ನು ತಿರುಗಿಸಿ: ಮೊದಲು ಏರಿಯಾ, ಆಮೇಲೆ ಏಜೆಂಟ್, ಕೊನೆಗೆ ಮನೆ. ಗೋಡೆಗೆ ಬಣ್ಣ ಹೊಡೆಸಬಹುದು, ಅಡುಗೆಮನೆಯ ಕಟ್ಟೆ ಬದಲಿಸಬಹುದು. ಪಕ್ಕದ ರಸ್ತೆಯನ್ನು ಎತ್ತಿ ಆಚೆ ಇಡಲು ಆಗಲ್ಲ.

ಹೆಜ್ಜೆ 1: ಕಳೆದ ವಾರ ಏನು ಮಾಡಿದಿರಿ, ಬರೆಯಿರಿ

"ನಮಗೆ ಎಂಥ ಏರಿಯಾ ಬೇಕು" ಅಂತ ಕೂತು ಪಟ್ಟಿ ಮಾಡಿದರೆ ಎಲ್ಲರೂ ಬರೆಯುವುದು ಒಂದೇ: ಪಾರ್ಕ್ ಇರಬೇಕು, ಶಾಂತವಾಗಿರಬೇಕು, ಎಲ್ಲದಕ್ಕೂ ಹತ್ತಿರ ಇರಬೇಕು, ಬೆಲೆಯೂ ಕಡಿಮೆ ಇರಬೇಕು. ಅಂಥ ಜಾಗ ಸಿಗಲ್ಲ. ಅದರ ಬದಲು ಕಳೆದ ವಾರ ಮನೆಯವರೆಲ್ಲ ನಿಜವಾಗಿ ಎಲ್ಲೆಲ್ಲಿ ಹೋದರು, ಎಷ್ಟು ಸಲ ಹೋದರು ಅಂತ ಬರೆಯಿರಿ. ಪಾರ್ಕಿಗೆ ಒಂದು ಸಲವೂ ಹೋಗಿರಲಿಕ್ಕಿಲ್ಲ, ಔಷಧಿ ಅಂಗಡಿಗೆ ನಾಲ್ಕು ಸಲ ಹೋಗಿರಬಹುದು. ಯಾವುದು ಹತ್ತಿರ ಇರಬೇಕು ಅನ್ನುವುದು ಆಗ ತಾನಾಗಿಯೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಸಂಬಳ ತರುವವರ ಆಫೀಸಿಗೆ ಹತ್ತಿರ ಇದ್ದರೆ ಸಾಕು ಅಂತ ಏರಿಯಾ ಆರಿಸುತ್ತೇವೆ, ಆದರೆ ಅವರು ಹಗಲೆಲ್ಲ ಅಲ್ಲಿ ಇರುವುದೇ ಇಲ್ಲ. ದಿನದ ಇಪ್ಪತ್ತು ಗಂಟೆ ಆ ಬೀದಿಯಲ್ಲಿ ಕಳೆಯುವವರು ಯಾರು? ವಯಸ್ಸಾದ ಅಮ್ಮನೋ, ಚಿಕ್ಕ ಮಗುವೋ, ಮನೆಯಿಂದಲೇ ಕೆಲಸ ಮಾಡುವ ಹೆಂಡತಿಯೋ ಗಂಡನೋ? ಅವರಿಗೆ ಎರಡು ಓಟು ಕೊಡಿ. ಕೊನೆಗೆ "ಇದು ಇಲ್ಲದಿದ್ದರೆ ಆಗಲ್ಲ" ಅನ್ನುವ ಮೂರು ವಿಷಯ ಮಾತ್ರ ಉಳಿಸಿಕೊಳ್ಳಿ. ಮೂರೇ. ಹತ್ತು ಇಟ್ಟುಕೊಂಡರೆ ಒಂದೂ ಇಲ್ಲದ ಹಾಗೇ.

ಹೆಜ್ಜೆ 2: ಕಿಲೋಮೀಟರ್ ಬಿಡಿ, ನಿಮಿಷ ಎಣಿಸಿ

"ಆಫೀಸಿಂದ ಬರೀ 8 ಕಿಲೋಮೀಟರ್" ಅನ್ನುವ ಮಾತಿಗೆ ಅರ್ಥವಿಲ್ಲ. 8 ಕಿಲೋಮೀಟರ್ ಒಂದು ಕಡೆ 15 ನಿಮಿಷ, ಇನ್ನೊಂದು ಕಡೆ 50 ನಿಮಿಷ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಮಾತು ಹೇಳಿದ್ದರು: ಕಾಲ ಯಾವುದೇ ಇರಲಿ, ವಾಹನ ಯಾವುದೇ ಇರಲಿ, ಮನುಷ್ಯರು ದಿನದ ಓಡಾಟಕ್ಕೆ ಕೊಡುವ ಸಮಯ ಸರಾಸರಿ ಒಂದು ಗಂಟೆಯ ಆಸುಪಾಸು. ಹೋಗಲು ಅರ್ಧ, ಬರಲು ಅರ್ಧ. ಅದಕ್ಕಿಂತ ತೀರಾ ಜಾಸ್ತಿ ಆದರೆ ಮೈಗೂ ಮನಸ್ಸಿಗೂ ಸುಸ್ತು. ಸ್ವಿಟ್ಜರ್ಲೆಂಡ್‌ನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೇ 2008ರಲ್ಲಿ ಕಂಡುಕೊಂಡದ್ದೂ ಇಂಥದ್ದೇ. ದೂರ ಓಡಾಡುವವರಿಗೆ ಒಳ್ಳೆಯ ಮನೆ, ಒಳ್ಳೆಯ ಸಂಬಳ ಸಿಕ್ಕಿರುತ್ತದೆ ಅಂದುಕೊಳ್ಳುತ್ತೇವೆ, ಆದರೆ ಒಟ್ಟು ಲೆಕ್ಕದಲ್ಲಿ ಅವರು ಕಮ್ಮಿ ಖುಷಿಯಾಗಿದ್ದರು.

ನೀವೇ ಲೆಕ್ಕ ಹಾಕಿ. ಒಂದು ಮನೆಯಿಂದ ಆಫೀಸಿಗೆ 45 ನಿಮಿಷ, ಇನ್ನೊಂದರಿಂದ 20. ತಿಂಗಳಿಗೆ 22 ದಿನ, ಹೋಗಿ ಬರುವುದು ಎರಡೂ ಸೇರಿದರೆ ವ್ಯತ್ಯಾಸ 18 ಗಂಟೆಗೂ ಮೇಲೆ. ಎರಡು ಪೂರ್ತಿ ಕೆಲಸದ ದಿನ ರಸ್ತೆ ಮೇಲೆ ಹೋಯಿತು. ದೂರದ ಮನೆ ಅಗ್ಗ ಅಂತ ಅನಿಸಿದರೆ ಈ 18 ಗಂಟೆಗೂ ಒಂದು ಬೆಲೆ ಕಟ್ಟಿ ನೋಡಿ.

ಗೂಗಲ್ ಮ್ಯಾಪ್ಸ್‌ನಲ್ಲಿ ಇಷ್ಟು ಗಂಟೆಗೆ ಹೊರಟರೆ ಎಷ್ಟು ಹೊತ್ತು ಅಂತ ನೋಡಬಹುದು. ವಾರದ ದಿನ, ನೀವು ಹೊರಡುವ ಸಮಯ ಹಾಕಿ. ಅದು 30ರಿಂದ 55 ನಿಮಿಷ ಅಂದರೆ 55 ಅಂತಲೇ ಹಿಡಿಯಿರಿ. ಸಂಜೆ ವಾಪಸ್ ಬರುವುದನ್ನು ಬೇರೆಯಾಗಿ ನೋಡಿ, ಅದೇ ದಾರಿ ಅಷ್ಟೇ ಹೊತ್ತು ಹಿಡಿಯಬೇಕೆಂದಿಲ್ಲ. ಸಾಧ್ಯವಾದರೆ ಒಂದು ದಿನ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಿಜವಾಗಿಯೇ ಹೋಗಿ ಬನ್ನಿ.

ಹೆಜ್ಜೆ 3: ಮೂರು ಸಲ ಹೋಗಿ, ಒಂಟಿಯಾಗಿ ಹೋಗಿ

ಒಂದು ಸಲ ವಾರದ ದಿನ ಬೆಳಗ್ಗೆ. ಒಂದು ಸಲ ರಾತ್ರಿ ಹತ್ತರ ಮೇಲೆ. ಇನ್ನೊಂದು ಸಲ ಮಳೆ ಬರುವಾಗ, ಅಥವಾ ಮಳೆ ನಿಂತ ಕೂಡಲೇ. ಏಜೆಂಟ್ ಜೊತೆಗೆ ಬೇಡ, ಕಾರಿನಲ್ಲೂ ಬೇಡ. ನಡೆಯಿರಿ. ಸಾಮಾನ್ಯ ನಡಿಗೆಯಲ್ಲಿ 15 ನಿಮಿಷಕ್ಕೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತೀರಿ. ಅಷ್ಟರೊಳಗೆ ದಿನದ ಅಗತ್ಯಗಳಲ್ಲಿ ಎಷ್ಟು ಸಿಗುತ್ತವೆ ನೋಡಿ. ಪ್ಯಾರಿಸ್‌ನ ಪ್ರೊಫೆಸರ್ ಕಾರ್ಲೋಸ್ ಮೊರೆನೊ 2016ರಲ್ಲಿ ಮುಂದಿಟ್ಟ 15 ನಿಮಿಷದ ನಗರ ಅನ್ನುವ ಲೆಕ್ಕವೂ ಇದೇ. ಫುಟ್‌ಪಾತ್ ಇದೆಯಾ, ಇದ್ದರೆ ಅದರ ಮೇಲೆ ನಡೆಯಲು ಆಗುತ್ತಾ, ರಾತ್ರಿ ದೀಪ ಉರಿಯುತ್ತಾ, ಇದೆಲ್ಲ ಕಾಲಿಗೆ ಗೊತ್ತಾಗುತ್ತದೆ, ಕಾರಿಗೆ ಗೊತ್ತಾಗಲ್ಲ.

ಮಳೆಯ ದಿನ ಹೋಗಲು ಆಗಲಿಲ್ಲ ಅಂದರೆ ಗೋಡೆಗಳನ್ನು ಓದಿ. ಬೀದಿಯ ಕಾಂಪೌಂಡ್ ಗೋಡೆಗಳ ಮೇಲೆ ಮೊಣಕಾಲಿನ ಎತ್ತರದಲ್ಲಿ ಅಡ್ಡಡ್ಡ ಒಂದು ಕಂದು ಗೆರೆ ಇದ್ದರೆ, ಮೂರ್ನಾಲ್ಕು ಗೋಡೆಗಳ ಮೇಲೂ ಅದು ಒಂದೇ ಮಟ್ಟದಲ್ಲಿದ್ದರೆ, ಅಲ್ಲಿಯವರೆಗೆ ನೀರು ನಿಂತಿತ್ತು ಅಂತಲೇ ಲೆಕ್ಕ. ಅಂಗಡಿಗಳ ಹೊಸ್ತಿಲಿಗೆ ಆಮೇಲೆ ಸಿಮೆಂಟ್ ಹಾಕಿ ಎತ್ತರಿಸಿದ್ದಾರಾ? ಗೇಟಿನ ಹತ್ತಿರ ಮರಳು ಚೀಲ ಬಿದ್ದಿದೆಯಾ? ಹೊಸ್ತಿಲು ಸುಮ್ನೆ ಯಾರೂ ಎತ್ತರಿಸಲ್ಲ.

ಸದ್ದಿನ ವಿಷಯ ನನಗೆ ಈಗಲೂ ಸ್ವಲ್ಪ ಉರಿ, ಹಾಗಾಗಿ ಎರಡು ಮಾತು ಜಾಸ್ತಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಅಂತ ಕೊಟ್ಟ ಸಲಹೆಯ ಪ್ರಕಾರ ವಾಹನಗಳ ಸದ್ದು ಇಡೀ ದಿನದ ಸರಾಸರಿಯಲ್ಲಿ 53 ಡೆಸಿಬೆಲ್, ರಾತ್ರಿ ಹೊತ್ತು 45 ಡೆಸಿಬೆಲ್ ದಾಟಬಾರದು. ಡೆಸಿಬೆಲ್ ಲೆಕ್ಕ ಸ್ವಲ್ಪ ವಿಚಿತ್ರ, 10 ಜಾಸ್ತಿ ಆದರೆ ಕಿವಿಗೆ ಹೆಚ್ಚುಕಮ್ಮಿ ಎರಡರಷ್ಟು ಜೋರು ಕೇಳಿಸುತ್ತದೆ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್‌ಗಳು ಕರಾರುವಾಕ್ಕಾಗಿ ಹೇಳಲ್ಲ, ಆದರೆ ಎರಡು ಮನೆಗಳನ್ನು ಹೋಲಿಸಲು ಸಾಕು. ಮಲಗುವ ಕೋಣೆಯ ಕಿಟಕಿ ತೆಗೆದು ಅಳೆಯಿರಿ, ಹಾಲ್‌ನಲ್ಲಿ ಅಲ್ಲ.

ಖಾಲಿ ಸೈಟ್ ಪಕ್ಕದ ಮನೆ ಎಲ್ಲರಿಗೂ ಇಷ್ಟ, ಗಾಳಿ ಬೆಳಕು ಬರುತ್ತದಲ್ಲ. ಆ ಸೈಟ್ ಖಾಲಿಯೇ ಇರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಅಲ್ಲಿ ಏನು ಕಟ್ಟಬಹುದು ಅಂತ ಊರಿನ ಯೋಜನಾ ಕಚೇರಿಯ ನಕ್ಷೆಯಲ್ಲಿ ನೋಡಿ. "ಇಲ್ಲಿ ರೈಲು ಬರುತ್ತೆ, ದೊಡ್ಡ ರಸ್ತೆ ಬರುತ್ತೆ" ಅನ್ನುವ ಮಾತಿಗೆ ಇವತ್ತೇ ಜಾಸ್ತಿ ದುಡ್ಡು ಕೊಡಬೇಡಿ. ಅದು ಬರುವವರೆಗೆ ವರ್ಷಗಟ್ಟಲೆ ಧೂಳು ತಿನ್ನುವವರು ನೀವೇ.

ಯಾರನ್ನು ಕೇಳಬೇಕು? ಡೆಲಿವರಿ ಹುಡುಗರು, ಕಾವಲುಗಾರರು, ಮೂಲೆಯ ಅಂಗಡಿಯವರು. "ಏರಿಯಾ ಹೇಗಿದೆ?" ಅಂದರೆ "ಚೆನ್ನಾಗಿದೆ" ಅನ್ನುತ್ತಾರೆ, ಮಾತು ಮುಗಿಯಿತು. "ಕಳೆದ ತಿಂಗಳು ಎಷ್ಟು ಸಲ ನೀರು ನಿಂತಿತ್ತು?" ಅಂತ ಕೇಳಿ. "ನೀವಾಗಿದ್ದರೆ ಇಲ್ಲಿ ಯಾವ ಬೀದಿಯಲ್ಲಿ ಮನೆ ಮಾಡ್ತಿರಲಿಲ್ಲ?" ಅಂತ ಕೇಳಿ. ಈ ಎರಡನೇ ಪ್ರಶ್ನೆಗೆ ಉತ್ತರ ಕೊಡದವರನ್ನು ನಾನಿನ್ನೂ ನೋಡಿಲ್ಲ.

ದೂರದಿಂದಲೇ ಹುಡುಕುವವರು

ಹೋಗಿ ನೋಡಲು ಆಗದೇ ಇದ್ದರೆ ವಿಡಿಯೊ ಕಾಲ್ ಇದೆ, ಆದರೆ ಕೇಳಬೇಕಾದದ್ದು ಬೇರೆ. ಮನೆ ತೋರಿಸಿ ಅನ್ನಬೇಡಿ. ಬಸ್ ಸ್ಟಾಪಿನಿಂದ ಮನೆ ಬಾಗಿಲವರೆಗೆ ಫೋನ್ ಹಿಡಿದು ನಡೆಯಿರಿ, ಎಲ್ಲೂ ಕಟ್ ಮಾಡಬೇಡಿ ಅನ್ನಿ. ಆಮೇಲೆ ಮಲಗುವ ಕೋಣೆಯ ಕಿಟಕಿ ತೆಗೆದು ಒಂದು ನಿಮಿಷ ಮಾತಾಡದೆ ನಿಲ್ಲಲು ಹೇಳಿ. ಆ ಒಂದು ನಿಮಿಷದಲ್ಲಿ ತಿಳಿಯುವಷ್ಟು ಇಪ್ಪತ್ತು ಫೋಟೊಗಳಲ್ಲಿ ತಿಳಿಯಲ್ಲ. ಫೋಟೊಗಳನ್ನು ಗೂಗಲ್ ಇಮೇಜ್ ಹುಡುಕಾಟಕ್ಕೂ ಹಾಕಿ ನೋಡಿ. ಅದೇ ಮನೆಯ ಫೋಟೊ ಬೇರೆ ಊರಿನ ಜಾಹೀರಾತಿನಲ್ಲಿ ಸಿಕ್ಕಿದರೆ ಅಲ್ಲಿಗೇ ಬಿಡಿ. ನಿಮ್ಮ ಕಡೆಯವರು ಯಾರಾದರೂ ಮನೆಯೊಳಗೆ ಕಾಲಿಡುವವರೆಗೆ ಮುಂಗಡ ಕಳಿಸಬೇಡಿ.

ಕೊಳ್ಳುವ ಯೋಚನೆ ಇದ್ದರೂ ಮೊದಲ ಕೆಲವು ತಿಂಗಳು ಬಾಡಿಗೆಗೇ ಇರಿ ಅನ್ನುವುದು ನನ್ನ ಸಲಹೆ. ಎರಡು ಸಲ ಸಾಮಾನು ಕಟ್ಟುವುದು ತಲೆನೋವೇ. ಒಲ್ಲದ ಏರಿಯಾದಲ್ಲಿ ಇಪ್ಪತ್ತು ವರ್ಷದ ಸಾಲ ತೀರಿಸುವುದು ಅದಕ್ಕಿಂತ ದೊಡ್ಡ ತಲೆನೋವು.

ಹೆಜ್ಜೆ 4: ಈಗ ಏಜೆಂಟ್

ಏರಿಯಾ ಒಂದೋ ಎರಡೋ ಅಂತ ಗಟ್ಟಿಯಾದ ಮೇಲೆ ಏಜೆಂಟ್ ಹುಡುಕಿ. ಮೊದಲು ಅವರಿಗೆ ದುಡ್ಡು ಹೇಗೆ ಬರುತ್ತದೆ ಅಂತ ತಿಳಿದುಕೊಳ್ಳಿ. ವ್ಯವಹಾರ ಆದರೆ ಕಮಿಷನ್, ಆಗದಿದ್ದರೆ ಏನೂ ಇಲ್ಲ. ಕಮಿಷನ್ ಬೆಲೆಯ ಮೇಲೆ ನೂರಕ್ಕೆ ಎರಡು ಅಂತ ಇಟ್ಟುಕೊಳ್ಳಿ. ನೀವು ಚೌಕಾಸಿ ಮಾಡಿ ನೂರು ಉಳಿಸಿದರೆ ಅವರಿಗೆ ಎರಡು ನಷ್ಟ. ಮಾರುವವರ ಕಡೆ ನಿಂತರೂ ಅಷ್ಟೇ, ಇನ್ನೂ ಹತ್ತು ದಿನ ಕಾದು ಬೆಲೆ ನೂರು ಜಾಸ್ತಿ ಮಾಡಿಸಿದರೆ ಅವರಿಗೆ ಸಿಗುವುದು ಎರಡೇ. ಹಾಗಾಗಿ ಅವರಿಗೆ ಬೇಗ ಮುಗಿದರೆ ಸಾಕು. ಇದು ಬರೀ ಅನುಮಾನ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸರಾಸರಿ 9.5 ದಿನ ಜಾಸ್ತಿ ಕಾದಿದ್ದರು, ಸುಮಾರು ಶೇಕಡ 3.7 ಜಾಸ್ತಿ ಬೆಲೆ ಪಡೆದಿದ್ದರು. ಅವರು ಕೆಟ್ಟವರು ಅಂತಲ್ಲ. ನಮ್ಮ ಅವಸರವೂ ಅವರ ಅವಸರವೂ ಬೇರೆ ಬೇರೆ, ಅಷ್ಟೇ.

ಮೂರು ಜನರ ಜೊತೆ ಮಾತಾಡಿ. ಮೊದಲ ಪ್ರಶ್ನೆ: "ಓನರ್ ಕಡೆಯಿಂದಲೂ ನಿಮಗೆ ದುಡ್ಡು ಬರುತ್ತಾ?" ಎರಡೂ ಕಡೆ ಕೆಲಸ ಮಾಡುವುದಕ್ಕೆ ಕೆಲವು ಕಡೆ ಕಾನೂನಿನ ಅಡ್ಡಿ ಇದೆ, ಇನ್ನು ಕೆಲವು ಕಡೆ ಮೊದಲೇ ಹೇಳಿ ಒಪ್ಪಿಗೆ ಪಡೆದರೆ ಆಯಿತು. ಉತ್ತರ ಏನೇ ಇರಲಿ, ತಡವರಿಸದೆ ಹೇಳುತ್ತಾರಾ ನೋಡಿ. ಎರಡನೆಯದು: "ಕಳೆದ ಆರು ತಿಂಗಳಲ್ಲಿ ಈ ಏರಿಯಾದಲ್ಲಿ ಎಷ್ಟು ಮನೆ ಮಾಡಿಸಿದ್ದೀರಿ?" ಹದಿನೈದು ವರ್ಷದ ಅನುಭವ ಅನ್ನುವುದು ಬೇಡ, ಈ ಬೀದಿಗಳ ಇತ್ತೀಚಿನ ಲೆಕ್ಕ ಬೇಕು. ಇತ್ತೀಚೆಗೆ ಮನೆ ಮಾಡಿಸಿಕೊಂಡ ಇಬ್ಬರ ನಂಬರ್ ಕೇಳಿ, ಫೋನ್ ಮಾಡಿ. ಲೈಸೆನ್ಸ್ ಅಥವಾ ನೋಂದಣಿ ಕಡ್ಡಾಯವಿರುವ ಕಡೆ ಆ ಸಂಖ್ಯೆಯನ್ನು ಸರ್ಕಾರಿ ವೆಬ್‌ಸೈಟಿನಲ್ಲಿ ನೀವೇ ನೋಡಿ. ಕೊನೆಗೆ, "ಈ ಏರಿಯಾದಲ್ಲಿ ನಿಮಗೆ ಹಿಡಿಸದ್ದು ಏನು?" ಏನೂ ಇಲ್ಲ ಅಂದವರನ್ನು ಬಿಟ್ಟುಬಿಡಿ.

"ನಿಮ್ಮಂಥವರೇ ಇರೋ ಏರಿಯಾ ತೋರಿಸ್ತೀನಿ" ಅನ್ನುವವರ ಹತ್ತಿರವೂ ಹುಷಾರು. ಜನಾಂಗ, ಧರ್ಮ ನೋಡಿ ಮನೆ ತೋರಿಸುವುದು ಅಮೆರಿಕದಲ್ಲಿ 1968ರ ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ ತಪ್ಪು. ಕಾನೂನಿನ ಮಾತು ಬದಿಗಿಟ್ಟರೂ, ನಿಮ್ಮ ಬದಲು ಅವರೇ ಆಯ್ಕೆ ಮಾಡಿಬಿಟ್ಟರು, ಅಲ್ವಾ?

ಮನೆ ತೋರಿಸುವ ಸಾಲಿನಲ್ಲೂ ಆಟ ಇರುತ್ತದೆ. ಮೊದಲು ನಾಲ್ಕು ಸಪ್ಪೆ ಮನೆ ತೋರಿಸಿದರೆ ಐದನೆಯದು ಅರಮನೆ ಥರ ಕಾಣುತ್ತದೆ, ನನಗೆ ಆದದ್ದು ಅದೇ. ಎಲ್ಲ ಮನೆಗಳ ವಿಳಾಸ ಮುಂಚೆಯೇ ಕೇಳಿ ಪಡೆದು ಯಾವುದು ಮೊದಲು ಅಂತ ನೀವೇ ಹೇಳಿ. "ಸಂಜೆ ಇನ್ನೊಬ್ಬರು ಬರ್ತಿದ್ದಾರೆ, ಈಗಲೇ ಹೇಳಿ" ಅಂದರೆ "ಅವರಿಗೇ ಕೊಡಿ" ಅನ್ನುವ ಧೈರ್ಯ ಇರಲಿ. ರಸೀದಿ ಇಲ್ಲದೆ ದುಡ್ಡು ಕೊಡಬೇಡಿ. ಕಟ್ಟಡ ಪರೀಕ್ಷೆ ಮಾಡುವವರನ್ನೂ ವಕೀಲರನ್ನೂ ಏಜೆಂಟ್ ಕಡೆಯಿಂದ ತರಿಸಬೇಡಿ, ನೀವೇ ಹುಡುಕಿ. ಏಜೆಂಟ್ ಜೊತೆಗಿನ ಕರಾರಿನಲ್ಲಿ ಅವಧಿ ಎಷ್ಟು, ಕಮಿಷನ್ ಯಾವಾಗ ಕೊಡಬೇಕು, ಮನೆ ನಾವೇ ಹುಡುಕಿಕೊಂಡರೂ ಕೊಡಬೇಕಾ, ಈ ಮೂರು ಇದೆಯಾ ಓದಿ.

ಒಳ್ಳೆಯ ಏಜೆಂಟ್ ಹೇಗಿರುತ್ತಾರೆ ಅಂತ ನನಗೆ ಎರಡನೇ ಸಲ ಮನೆ ಬದಲಿಸುವಾಗ ಗೊತ್ತಾಯಿತು. ಸುಮಾರು ಐವತ್ತರ ಹೆಂಗಸು, ಮಾತು ಕಮ್ಮಿ. ಮೂರನೇ ಮನೆಯಲ್ಲಿ ನಾನು ಹೊಸ ಬಣ್ಣ ನೋಡಿ ಖುಷಿಪಡುತ್ತಿದ್ದೆ. ಅವರು ಬೀರುವಿನ ಹಿಂದೆ ಕೈ ತೂರಿಸಿ ಹೆಬ್ಬೆರಳಿನಿಂದ ಗೋಡೆ ಒತ್ತಿದರು. ಬೆರಳಿಗೆ ಬಿಳಿ ಪುಡಿ ಮೆತ್ತಿಕೊಂಡಿತು. "ಗೋಡೆ ನೀರು ಕುಡಿದಿದೆ, ಬಣ್ಣ ಮೊನ್ನೆ ಹೊಡೆಸಿದ್ದು. ಇದು ಬೇಡ ಬಿಡಿ" ಎಂದು ಬೀಗ ಹಾಕಿದರು. ಅವತ್ತಿನ ಕಮಿಷನ್ ಅವರ ಕೈತಪ್ಪಿತು. ಆಮೇಲೆ ನನ್ನ ಕಡೆಯಿಂದ ಮೂರು ಗಿರಾಕಿಗಳು ಅವರ ಹತ್ತಿರ ಹೋಗಿದ್ದಾರೆ.

ಸಹಿ ಹಾಕುವ ಮುಂಚಿನ ಬೆಳಗ್ಗೆ

ಅವರೇ ಕೊನೆಗೆ ತೋರಿಸಿದ ಮನೆ ಹಿಡಿಸಿತು. ಆದರೂ ಸಹಿ ಹಾಕುವ ಮುಂಚೆ ಒಂದು ಮಂಗಳವಾರ ಆರೂವರೆಗೆ ಒಬ್ಬನೇ ಹೋಗಿ ಕಿಟಕಿ ಕೆಳಗೆ ನಿಂತೆ. ಶಟರ್ ಸದ್ದಿಲ್ಲ, ಮೆಷಿನ್ ಇಲ್ಲ. ಹತ್ತು ನಿಮಿಷ ಆದ ಮೇಲೆ ಎದುರು ಮನೆಯವರು ಗೇಟಿಗೆ ಬಂದು "ಯಾರು ಬೇಕಿತ್ತು?" ಎಂದರು. ಮನೆ ನೋಡ್ತಿದ್ದೀನಿ ಅಂದೆ. ಅಲ್ಲೇ ನಿಂತು ಕಾಲು ಗಂಟೆ ಮಾತಾಡಿದರು. ಮೇಲಿನ ಮಹಡಿಯ ಬಚ್ಚಲಿನ ಪೈಪ್ ಸೋರುತ್ತದೆ ಅನ್ನುವುದು ಏಜೆಂಟ್‌ಗೂ ಗೊತ್ತಿರಲಿಲ್ಲ, ಇವರಿಗೆ ಗೊತ್ತಿತ್ತು. ಓನರ್ ಅದನ್ನು ರಿಪೇರಿ ಮಾಡಿಸಿದ ಮೇಲೆ, ಆ ಗೋಡೆಯನ್ನು ನಾನೂ ಒಂದು ಸಲ ಹೆಬ್ಬೆರಳಿನಿಂದ ಒತ್ತಿ ನೋಡಿ ಸಹಿ ಹಾಕಿದೆ.