ಸರ್ಕ್ಯೂಟ್ ಟ್ರ್ಯಾಕ್ಸ್‌ನಲ್ಲಿ 7 ಮಾತ್ರೆಯ ತಾಳ: ನನ್ನ ಅನುಭವ

ಈ ಸಲದ ಗಣಪತಿ ಸೀಸನ್ನಿನಲ್ಲಿ 11 ಕಾರ್ಯಕ್ರಮ ಮಾಡಿದೆವು. ಅಷ್ಟರಲ್ಲೂ ಭಾವಗೀತೆಗಳಿಗೆ ತಬಲಾ ನುಡಿದದ್ದು ನನ್ನ ಕೀಬೋರ್ಡಿನ ಪಕ್ಕ ಇಟ್ಟಿದ್ದ ನೊವೇಶನ್ ಸರ್ಕ್ಯೂಟ್ ಟ್ರ್ಯಾಕ್ಸ್ ಅನ್ನುವ ಚಿಕ್ಕ ಬೀಟ್ ಯಂತ್ರ. ಒಂದು ಊರಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಹಿರಿಯರೊಬ್ಬರು ವೇದಿಕೆ ಹಿಂದೆ ಬಂದು, "ತಬಲಾದೋರು ಎಲ್ಲಪ್ಪಾ, ಕೈ ಚೆನ್ನಾಗಿದೆ, ಮಾತಾಡಿಸ್ಬೇಕಿತ್ತು" ಅಂದರು. ಎರಡು ವರ್ಷ ಪಟ್ಟ ಪಾಡಿಗೆ ಆ ಒಂದು ಮಾತು ಸಾಕಾಯಿತು. ಬರೆದಿಡೋಣ ಅನ್ನಿಸಿದ್ದೂ ಆಗಲೇ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ತಬಲಾ ಕಲಾವಿದರನ್ನು ಕರೆಸುವಷ್ಟು ದುಡ್ಡು ಸಂಘಟಕರ ಹತ್ತಿರ ಇದ್ದರೆ ನಾನು ಈ ಪೆಟ್ಟಿಗೆಯನ್ನು ಚೀಲದಿಂದ ಹೊರಗೇ ತೆಗೆಯುವುದಿಲ್ಲ. ಆರು ಸಾವಿರಕ್ಕೆ ನಾಲ್ಕು ಜನ ಹೋಗಿ ಹಾಡಿ ಬರಬೇಕಾದ ಸಣ್ಣ ಕಾರ್ಯಕ್ರಮಗಳ ಲೆಕ್ಕವೇ ಬೇರೆ.

ನಮ್ಮ ತಂಡದಲ್ಲಿ ರಿದಮ್ ಪ್ಯಾಡ್ ನುಡಿಸುವ ಅಣ್ಣ ಇದ್ದಾರೆ. ಶಿವಮೊಗ್ಗ ಕಡೆಯ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷದ ಕೈ ಅವರದು. ಸರ್ಕ್ಯೂಟ್ ನೋಡಿದ ದಿನವೇ ಅವರು ತೀರ್ಪು ಕೊಟ್ಟಿದ್ದರು: "ಡಿಸ್ಕೋ ಬೀಟ್ ಬೇಕಾದ್ರೆ ಹೊಡೀತದೆ ಮಾರಾಯ. ರೂಪಕ್ ಅದರ ಕೈಲಿ ಆಗಲ್ಲ, ಬಿಡು." ರೂಪಕ್ ಅಂದರೆ 7 ಮಾತ್ರೆಯ ತಾಳ. 7 ಎಣಿಸುವುದು ಯಂತ್ರಕ್ಕೆ ಕಷ್ಟವೇನಲ್ಲ, ಅದು ಅವರಿಗೂ ಗೊತ್ತು. ಎಣಿಸಿದ್ದು ತಬಲಾ ಥರ ಕೇಳಬೇಕಲ್ಲ, ಅವರು ಹೇಳಿದ್ದು ಅದನ್ನು. ಒಂದೂವರೆ ವರ್ಷ ಅವರ ಮಾತೇ ಗೆದ್ದಿತ್ತು.

ದುಡ್ಡು ಹೋದ ದಾರಿ ಹೇಳುತ್ತೇನೆ. ಮೊದಲು ಕೊಂಡದ್ದು ಅಂಗೈ ಅಗಲದ ಒಂದು ಡ್ರಮ್ ಮಶೀನು, ಸುಮಾರು 14 ಸಾವಿರ. ಅದಕ್ಕೆ ನಮ್ಮ ಸ್ಯಾಂಪಲ್ (ರೆಕಾರ್ಡ್ ಮಾಡಿದ ಬಿಡಿ ಪೆಟ್ಟುಗಳು) ತುಂಬಲು ಬರುವುದಿಲ್ಲ ಅಂತ ತಿಳಿದದ್ದು ಮನೆಗೆ ತಂದ ಮೇಲೆ. ಎಂಟಕ್ಕೆ ಮಾರಿದೆ. ಸರ್ಕ್ಯೂಟ್ ಸಿಕ್ಕಿದ್ದು ಬೆಂಗಳೂರಿನ ಹುಡುಗನೊಬ್ಬನಿಂದ, ಸೆಕೆಂಡ್ ಹ್ಯಾಂಡ್, 23 ಸಾವಿರಕ್ಕೋ ಏನೋ. ಆಮೇಲೆ ಆನ್‌ಲೈನಿನಲ್ಲಿ ತಬಲಾ ಸ್ಯಾಂಪಲ್ ಪ್ಯಾಕ್ ಎರಡು ಕೊಂಡೆ, ಮೂರು ಸಾವಿರದ ಹತ್ತಿರ. ಆ ದುಡ್ಡು ಪೂರ್ತಿ ದಂಡ. ಪ್ರತಿ ಪೆಟ್ಟಿಗೂ ಮೊದಲೇ ರಿವರ್ಬ್, ಅಂದರೆ ಕೃತಕ ಪ್ರತಿಧ್ವನಿ, ಹಚ್ಚಿದ್ದರು, ಶ್ರುತಿ ಒಂದೊಂದರದು ಒಂದೊಂದು. ನಮ್ಮ ಗಾಯಕಿಯ ಶ್ರುತಿಗೆ ಎಳೆದರೆ "ನಾ" ಅನ್ನುವ ಪೆಟ್ಟು ತಗಡಿನ ಡಬ್ಬಿಯಾಗುತ್ತಿತ್ತು.

ಕೊನೆಗೆ ತಬಲಾ ನುಡಿಸುವ ಗೆಳೆಯನಿಗೆ 2,000 ಕೊಟ್ಟು ಒಂದು ಮಧ್ಯಾಹ್ನ ಕೂರಿಸಿಕೊಂಡೆ. ಮೊದಲ ರೆಕಾರ್ಡಿಂಗ್ ಶಾಲೆಯ ಹಾಲ್‌ನಲ್ಲಿ ಮಾಡಿ ಕೆಟ್ಟೆವು, ಪೂರ್ತಿ ಪ್ರತಿಧ್ವನಿ. ಎರಡನೆಯದು ಅವನ ಮನೆಯ ಭತ್ತದ ಚೀಲಗಳ ಕೋಣೆಯಲ್ಲಿ. ಮೂರು ಕಡೆ ಆಳೆತ್ತರ ಚೀಲ, ನಡುವೆ ತಬಲಾ, ಒಂದು ಮೊಳ ದೂರದಲ್ಲಿ ಎರವಲು ತಂದ ರೆಕಾರ್ಡರ್. ಅಂಥ ಒಣ ಶಬ್ದ ದುಡ್ಡು ಕೊಟ್ಟ ಸ್ಟುಡಿಯೋದಲ್ಲೂ ನಾನು ಕೇಳಿಲ್ಲ. ನಾ ಆರು ಥರ, ತಿಂ ನಾಲ್ಕು, ಘೆ ಐದು, ಕತ್ ಎರಡು, ಬೆರಳಿನ ಚಿಕ್ಕ ತಿರಕಿಟ ತುಂಡುಗಳು ಬೇರೆ. ಸಿ ಶಾರ್ಪ್ ಶ್ರುತಿಗೆ ಒಂದು, ಎಫ್ ಶಾರ್ಪ್ ಶ್ರುತಿಗೆ ಒಂದು, ಹೀಗೆ ಎರಡು ಸೆಟ್ ಮಾಡಿದೆವು. ಒಂದು ಪ್ಯಾಕಿಗೆ 64 ಸ್ಯಾಂಪಲ್ ಜಾಗ ಇರುವುದರಿಂದ ಎರಡೂ ಸೆಟ್ ಒಂದೇ ಪ್ಯಾಕಿನಲ್ಲಿ ಕೂತವು.

ಇಲ್ಲಿ ಒಂದು ತಪ್ಪು ಎರಡು ತಿಂಗಳು ತಿಂದಿತು. ಕಂಪ್ಯೂಟರಿನಲ್ಲಿ, ಆಡಾಸಿಟಿ ತಂತ್ರಾಂಶದಲ್ಲಿ ಕತ್ತರಿಸುವಾಗ ಪ್ರತಿ ಪೆಟ್ಟಿನ ಮುಂದೆ ಚೂರು ಮೌನ ಬಿಟ್ಟಿದ್ದೆ. ಕೆಲವಕ್ಕೆ 5 ಮಿಲಿಸೆಕೆಂಡ್, ಕೆಲವಕ್ಕೆ 20. ಆಮೇಲೆ ಪ್ಯಾಟರ್ನಿನಲ್ಲಿ ಎಷ್ಟು ಸರಿಪಡಿಸಿದರೂ ಲಯ ಕುಂಟುತ್ತಿತ್ತು. ಯಂತ್ರವನ್ನು ಬೈದೆ, ನನ್ನ ಕಿವಿಯನ್ನು ಬೈದೆ. ಕೊನೆಗೆ ಒಂದು ರಾತ್ರಿ ಅಲೆಯನ್ನು ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ಎಲ್ಲವನ್ನೂ ಪೆಟ್ಟು ಏಳುವ ಜಾಗಕ್ಕೇ ಕತ್ತರಿಸಿ ಮತ್ತೆ ತುಂಬಿದೆ. ಇದನ್ನು ಮಾಡದೆ ಮುಂದಿನದ್ದನ್ನು ಯಾರೂ ಪ್ರಯತ್ನಿಸಬೇಡಿ, ಸುಮ್ಮನೆ ದಂಡ.

ರೂಪಕ್ ಕೂರಿಸುವುದು ಸುಲಭವೇ. ಪ್ಯಾಟರ್ನ್ ಅಂದರೆ ಮತ್ತೆ ಮತ್ತೆ ಸುತ್ತುವ ಸ್ಟೆಪ್‌ಗಳ ಸಾಲು, ಸ್ಟೆಪ್ಪಿಗೊಂದು ಪ್ಯಾಡ್, ಪುಟಕ್ಕೆ 16. ಮಾತ್ರೆಗೆ 4 ಸ್ಟೆಪ್, 7 ಮಾತ್ರೆಗೆ 28. ಪ್ಯಾಟರ್ನಿನ ಕೊನೆಯನ್ನು ಎರಡನೇ ಪುಟದ 12ನೇ ಪ್ಯಾಡಿಗೆ ಇಟ್ಟರೆ ಆಯಿತು. ತಿಂ ತಿಂ ನಾ, ಧಿಂ ನಾ, ಧಿಂ ನಾ. ಸಮ್, ಅಂದರೆ ಮೊದಲ ಮಾತ್ರೆ, ಖಾಲಿ, ಆದ್ದರಿಂದ ಎಡಗೈಯ ಡಗ್ಗಾ ಬೀಳುವುದು ನಾಲ್ಕು ಮತ್ತು ಆರನೇ ಮಾತ್ರೆಗೆ: ಮೊದಲ ಪುಟದ 13, ಎರಡನೇ ಪುಟದ 5. ತಬಲಾ ಒಂದು ಟ್ರ್ಯಾಕ್, ಡಗ್ಗಾ ಇನ್ನೊಂದು. ಒಂದೇ ಟ್ರ್ಯಾಕಿನಲ್ಲಿ ಹಾಕಿದರೆ ಹೊಸ ಪೆಟ್ಟು ಬಿದ್ದ ಕೂಡಲೇ ಹಳೆಯ ಪೆಟ್ಟಿನ ಗುಂಯ್‌ಕಾರ ಕತ್ತರಿಸಿ ಹೋಗುತ್ತದೆ. ಸ್ಟೆಪ್ಪಿಗೊಂದು ಬೇರೆ ಸ್ಯಾಂಪಲ್ ಕೊಡಲು ಬರುವುದರಿಂದ ಮೂರು ನಾ ಬಂದರೂ ಮೂರೂ ಬೇರೆ ಬೇರೆ. ಇಷ್ಟು ಮಾಡಿ ಹಾಕಿ ತೋರಿಸಿದೆ. ಪ್ಯಾಡಣ್ಣ ತಲೆ ಅಲ್ಲಾಡಿಸಿದರು: "ಶಬ್ದ ತಬಲಾದ್ದೇ. ಆದ್ರೆ ನುಡಿಸ್ತಿರೋದು ಗಡಿಯಾರ."

ಲಯವನ್ನು ತೂಗಿಸುವ ಸ್ವಿಂಗ್ ತಿರುಗಿಸಿದೆ. 50ರಿಂದ 54, 58, 62. ಅದು ಎಲ್ಲ ಟ್ರ್ಯಾಕಿನ ಸಮಸಂಖ್ಯೆಯ ಸ್ಟೆಪ್ಪನ್ನೂ ಒಟ್ಟಿಗೆ ಎಳೆಯುತ್ತದೆ, ನಡುವಿನ ತಿರಕಿಟ ಹೋಗಿ ಕುದುರೆ ನಡಿಗೆ ಆಯಿತು. ಕ್ವಾಂಟೈಸ್ (ಪೆಟ್ಟನ್ನು ತಾನಾಗಿ ಸ್ಟೆಪ್ಪಿಗೆ ಕೂರಿಸುವುದು) ತೆಗೆದು ನಾನೇ ಪ್ಯಾಡ್ ಮೇಲೆ ನುಡಿಸಿ ರೆಕಾರ್ಡ್ ಮಾಡಿದೆ. ನನ್ನದು ಕೀಬೋರ್ಡಿನ ಬೆರಳು, ಅದರಲ್ಲಿ ತಬಲಾದ ನಡೆ ಎಲ್ಲಿಂದ ಬರಬೇಕು? ಮೂರನೆಯ ಸಲ ಅದೇ ಗೆಳೆಯನನ್ನು ಕರೆದು ಅವನ ಕೈಲೇ ಪ್ಯಾಡ್ ಒತ್ತಿಸಿದೆ. ಆ ಚಿಕ್ಕ ರಬ್ಬರ್ ಚೌಕದ ಮೇಲೆ ಅವನಿಗೆ ಕೈ ಕೂರಲೇ ಇಲ್ಲ, ಅರ್ಧ ಗಂಟೆಗೆ ಎದ್ದುಬಿಟ್ಟ. ಆದರೆ ಅವನು ಹೋದ ಮೇಲೆ ಮೈಕ್ರೋಸ್ಟೆಪ್ ಪುಟ ತೆರೆದು ದೀಪ ನೋಡುತ್ತ ಕೂತೆ. ಒಂದು ಸ್ಟೆಪ್ಪಿನೊಳಗೆ 6 ಮೈಕ್ರೋಸ್ಟೆಪ್. ಅವನ ತಬಲಾ ಪೆಟ್ಟುಗಳು ಹೆಚ್ಚುಕಡಿಮೆ ಎಲ್ಲವೂ ಒಂದನೆಯದರಲ್ಲಿ. ಡಗ್ಗಾ ಪೆಟ್ಟುಗಳು ಎರಡನೆಯದರಲ್ಲಿ. ಹತ್ತರಲ್ಲಿ ಏಳೆಂಟು ಸಲ ಹಾಗೆಯೇ. ಬಲಗೈ ನೇರ, ಎಡಗೈ ಒಂದು ಕೂದಲು ತಡ. ಫೋನ್ ಮಾಡಿ ಕೇಳಿದರೆ ಅವನಿಗೇ ಇದು ಗೊತ್ತಿರಲಿಲ್ಲ. "ಹೌದೇನೋ? ಇರಬಹುದು" ಅಂದ.

ಸರಿ, ಡಗ್ಗಾ ಅಷ್ಟನ್ನೂ ಎರಡನೇ ಮೈಕ್ರೋಸ್ಟೆಪ್ಪಿಗೆ ತಳ್ಳಿದೆ. ಆಗಲಿಲ್ಲ. ಈಗ ಗಡಿಯಾರ ಹೋಗಿ ಕುಡುಕ ಬಂದ. ಎರಡು ದಿನ ತಲೆ ಕೆಡಿಸಿಕೊಂಡು ಲೆಕ್ಕ ಹಾಕಿದೆ. ನಿಮಿಷಕ್ಕೆ 84 ಮಾತ್ರೆಯ ವೇಗದಲ್ಲಿ ಒಂದು ಸ್ಟೆಪ್ ಸುಮಾರು 180 ಮಿಲಿಸೆಕೆಂಡ್, ಅದರ ಆರನೇ ಒಂದು ಭಾಗ 30. ಗೆಳೆಯನ ಕೈ ತಡವಾಗಿದ್ದು 15-20 ಇರಬೇಕು, ಯಂತ್ರ ಹತ್ತಿರದ ಗೂಡಿಗೆ, ಅಂದರೆ ಮೈಕ್ರೋಸ್ಟೆಪ್ಪಿಗೆ, ತಳ್ಳಿ 30 ಮಾಡಿದೆ. ಚಿಕ್ಕ ಗೂಡು ಬೇಕು. ಚಿಕ್ಕ ಗೂಡು ಬೇಕೆಂದರೆ ವೇಗ ಎರಡರಷ್ಟಾಗಬೇಕು.

ಅದನ್ನೇ ಮಾಡಿದೆ. ಟೆಂಪೋ 168, ಮಾತ್ರೆಗೆ 8 ಸ್ಟೆಪ್, ಒಟ್ಟು 56. ಒಂದು ಪ್ಯಾಟರ್ನಿಗೆ 32ಕ್ಕಿಂತ ಹೆಚ್ಚು ಹಿಡಿಯದು, ಆದ್ದರಿಂದ 28 ಮತ್ತು 28ರ ಎರಡು ಪ್ಯಾಟರ್ನ್ ಒಂದರ ಬೆನ್ನಿಗೊಂದು ಚೈನ್. ಡಗ್ಗಾ ಈಗ ಮೊದಲನೆಯದರ 25, ಎರಡನೆಯದರ 13. ಕಿವಿಗೆ ಅದೇ 84ರ ರೂಪಕ್, ಆದರೆ ಒಂದು ಮೈಕ್ರೋಸ್ಟೆಪ್ ಈಗ 15 ಮಿಲಿಸೆಕೆಂಡ್. ಡಗ್ಗಾ ಒಂದು ಗೂಡು ತಡ. ಪ್ಲೇ ಒತ್ತಿದೆ. ರಾತ್ರಿ ಒಂದೂವರೆ ಗಂಟೆ ಇರಬೇಕು, ಹೆಡ್‌ಫೋನ್ ಹಾಕಿಕೊಂಡು ಅರ್ಧ ಗಂಟೆ ಸುಮ್ಮನೆ ಅದನ್ನೇ ಕೇಳುತ್ತ ಕೂತಿದ್ದೆ. ಕೂತಲ್ಲೇ ತಲೆ ತೂಗುತ್ತಿತ್ತು. ಮರುದಿನ ಪ್ಯಾಡಣ್ಣನಿಗೆ ಏನೂ ಹೇಳದೆ ಹಾಕಿದೆ. ಅವರು ಎರಡು ಆವರ್ತ ಕೇಳಿ, ತೊಡೆ ಮೇಲೆ ತಾಳ ಹಾಕತೊಡಗಿದರು. ಮೂರನೇ ಆವರ್ತಕ್ಕೆ "ಯಾರು ನುಡಿಸಿದ್ದು?" ಅಂದರು.

ಈ ವಿಧಾನದ ಬೆಲೆಯೂ ಇದೆ. ಟ್ರ್ಯಾಕಿಗೆ 8 ಪ್ಯಾಟರ್ನ್ ಮಾತ್ರ, ಒಂದು ಆವರ್ತಕ್ಕೆ ಎರಡು ಖರ್ಚಾದರೆ ಉಳಿಯುವುದು 4 ಆವರ್ತ. ನಾನು ಎರಡು ಸಾದಾ ಠೇಕಾ, ಒಂದು ತುಂಬಿದ್ದು, ಒಂದು ತಿಹಾಯಿ (ಮೂರು ಸಲ ನುಡಿಸುವ ಮುಕ್ತಾಯ) ಅಂತ ಹಂಚಿಕೊಂಡಿದ್ದೇನೆ. ಯಂತ್ರದ ಟೆಂಪೋ 240ಕ್ಕೆ ನಿಲ್ಲುತ್ತದೆ, ಹಾಡು 120 ದಾಟಿದರೆ ಎರಡರಷ್ಟು ಮಾಡಲು ಬರುವುದಿಲ್ಲ. ಆ ವೇಗದಲ್ಲಿ ಒಂದು ಗೂಡು ತಾನಾಗಿಯೇ 20ರ ಹತ್ತಿರ ಬಂದಿರುತ್ತದೆ, ಅಲ್ಲಿ ಬೇಕಾಗಿಯೂ ಇಲ್ಲ. ದಾದ್ರಾ ತಾಳಕ್ಕೂ ಇದೇ ಲೆಕ್ಕ, 6 ಮಾತ್ರೆ, 48 ಸ್ಟೆಪ್, 24 ಮತ್ತು 24. ಕೇರ್ವಾ ತಾಳಕ್ಕೆ ಮಾತ್ರ ಡಗ್ಗಾ ತಡ ಮಾಡಿದ್ದು ನನಗೆ ಹಿಡಿಸಲಿಲ್ಲ, ಅಲ್ಲಿ ಬೇರೆ ಒಂದು ಪೆಟ್ಟು ಬೇಗ ಬೀಳುವಂತೆ ಎಳೆದಿದ್ದೇನೆ. ಮೈಕ್ರೋಸ್ಟೆಪ್ ಪೆಟ್ಟನ್ನು ತಡ ಮಾತ್ರ ಮಾಡುತ್ತದೆ, ಬೇಗ ಬೀಳಿಸಬೇಕೆಂದರೆ ಹಿಂದಿನ ಸ್ಟೆಪ್ಪಿನ ಆರನೆಯದಕ್ಕೆ ಹೋಗಿ ಕೂರಬೇಕು. ಯಾವ ಪೆಟ್ಟು ಅಂತ ನೀವೇ ಹುಡುಕಿ. ಘೆ ಬಗ್ಗುವಂತೆ ಪಿಚ್ ನಾಬ್ ರೆಕಾರ್ಡ್ ಮಾಡಿದ ಲೆಕ್ಕವನ್ನೂ ಇಲ್ಲಿ ಹೇಳುವುದಿಲ್ಲ. ಅದಕ್ಕೆ ನಾನು ಒಂದು ಮಳೆಗಾಲ ಕಳೆದಿದ್ದೇನೆ.

ವೇದಿಕೆಯ ಮೊದಲ ದಿನ ಒಂದು ಅವಘಡ. ಮಿಡಿ ಕೇಬಲ್ಲಿನಲ್ಲಿ ಕೀಬೋರ್ಡ್ ಜೋಡಿಸಿದ್ದೆ. ಸರ್ಕ್ಯೂಟ್ 168ರ ಕ್ಲಾಕ್ (ವೇಗದ ಸಂಕೇತ) ಕಳಿಸಿತು, ಕೀಬೋರ್ಡಿನಲ್ಲಿ ತಾನಾಗಿ ಓಡುವ ಆರ್ಪೆಜಿಯೋ ಅದನ್ನೇ ನಂಬಿ ಎರಡರಷ್ಟು ವೇಗದಲ್ಲಿ ಓಡಿತು. ಗಾಯಕಿ ಪಲ್ಲವಿ ಎತ್ತಿದವರು ನನ್ನ ಕಡೆ ತಿರುಗಿ ನೋಡಿದ ನೋಟ ಮರೆಯಲಾರೆ. ಅಂದಿನಿಂದ ಸೆಟಪ್ ಪುಟದಲ್ಲಿ ಕ್ಲಾಕ್ ಕಳಿಸುವುದನ್ನು ಆಫ್ ಮಾಡಿಯೇ ಮನೆ ಬಿಡುವುದು. ಇನ್ನೊಂದು ಸಲ ಸೇವ್ ಗುಂಡಿಯನ್ನು ಒಂದೇ ಸಲ ಒತ್ತಿ ಆಫ್ ಮಾಡಿದೆ, ದೀಪ ಮಿಣುಕುವಾಗ ಎರಡನೇ ಸಲ ಒತ್ತಬೇಕಿತ್ತು. ಮೂರು ಹಾಡಿನ ಕೆಲಸ ಹೋಯಿತು.

ಪಲ್ಲವಿ, ಚರಣ, ಬಿಜಿಎಂ, ತಿಹಾಯಿ ಎಲ್ಲ ಸೀನ್‌ಗಳಲ್ಲಿ, ಅಂದರೆ ಒಂದೇ ಒತ್ತಿಗೆ ಬರುವ ಪ್ಯಾಟರ್ನ್ ಗುಂಪುಗಳಲ್ಲಿ, ಇಟ್ಟಿದ್ದೇನೆ. ತಿಹಾಯಿಯ ಸೀನನ್ನು ಆವರ್ತ ಮುಗಿಯುವ ಮೊದಲೇ ಒತ್ತಿರಬೇಕು, ಒಂದು ಮಾತ್ರೆ ತಡವಾದರೂ ಮುಂದಿನ ಆವರ್ತಕ್ಕೇ ಹೋಗಿ ಬೀಳುತ್ತದೆ. ಗಾಯಕರು ಕೊನೆಯ ಸಾಲನ್ನು ಎಷ್ಟು ಸಲ ಹೇಳುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಜಾತ್ರೆಗಳಲ್ಲಿ ಜನರೇಟರ್ ಒಮ್ಮೆ ತಗ್ಗಿ ಏಳುವಾಗ ಅಡಾಪ್ಟರ್ ಮೇಲಿದ್ದ ಪ್ಯಾಡ್ ಆಫ್ ಆಗಿ ಆನ್ ಆಗುವುದನ್ನು ಎಲ್ಲರೂ ನೋಡಿದ್ದೀರಿ. ಇದು ಒಳಗಿನ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ 4 ಗಂಟೆ ನಡೆಯುತ್ತದೆ, ಆ ಭಯ ಇಲ್ಲ.

ನಡುವೆ ಅಡ್ಡದಾರಿಗಳನ್ನೂ ಹಿಡಿದೆ. ಫೋನಿನ ತಂಬೂರಿಯನ್ನು ಆಡಿಯೋ ಇನ್‌ಗೆ ಕೊಟ್ಟು ಯಂತ್ರದ ರಿವರ್ಬ್ ಹಾಕಿದರೆ ಬಹಳ ಚೆನ್ನಾಗಿ ಕೂರುತ್ತದೆ. ಅದಕ್ಕೇ ಸೈಡ್‌ಚೈನ್ ಹಾಕಿ ಡಗ್ಗಾ ಬಿದ್ದಾಗೆಲ್ಲ ತಂಬೂರಿ ತಗ್ಗುವಂತೆ ಮಾಡಿದ್ದೆ, ಶ್ರುತಿ ಉಸಿರಾಡಿದ ಹಾಗೆ. ನನಗೆ ಇಷ್ಟವಾಯಿತು, ಗಾಯಕಿ ಹತ್ತು ಸೆಕೆಂಡಿಗೆ ನಿಲ್ಲಿಸಿದರು. ಅವರೇ ಸರಿ. ಇನ್ನೊಮ್ಮೆ ಒಂದು ಟ್ರ್ಯಾಕ್ 20 ಸ್ಟೆಪ್, ಇನ್ನೊಂದು 28 ಇಟ್ಟು 5 ಮತ್ತು 7 ಒಟ್ಟಿಗೆ ಬಿಟ್ಟೆ. 35 ಮಾತ್ರೆಗೊಮ್ಮೆ ಎರಡೂ ಸಮ್ಮಿಗೆ ಸೇರುವಾಗ ಮೈ ಜುಮ್ ಎನ್ನುತ್ತದೆ. ಕಾರ್ಯಕ್ರಮದಲ್ಲಿ ಉಪಯೋಗ ಇಲ್ಲ, ಭರತನಾಟ್ಯದ ಮಕ್ಕಳಿಗೆ ಜತಿ ಅಭ್ಯಾಸಕ್ಕೆ ಒಬ್ಬ ಟೀಚರ್ ಕೇಳಿ ತೆಗೆದುಕೊಂಡು ಹೋದರು.

ನಮ್ಮ ಸಂಗೀತ ಈ ಪೆಟ್ಟಿಗೆಗಳಿಗೆ ಹೊಂದುವುದಿಲ್ಲ ಅನ್ನುವವರಿಗೆ ನಾನು ಚರಣಜಿತ್ ಸಿಂಗ್ ಹೆಸರು ಹೇಳುತ್ತೇನೆ. ಮುಂಬಯಿಯ ಸಿನಿಮಾ ವಾದ್ಯಗಾರ, 1982ರಲ್ಲೇ ರೋಲ್ಯಾಂಡ್ 808 ಡ್ರಮ್ ಮಶೀನು ಮತ್ತು 303 ಬೇಸ್ ಸಿಂಥ್ ಇಟ್ಟುಕೊಂಡು ರಾಗ ನುಡಿಸಿ ರೆಕಾರ್ಡ್ ಮಾಡಿದವರು. ಆಗ ಯಾರೂ ಕಿವಿ ಕೊಡಲಿಲ್ಲ, ಜಗತ್ತು ತಿರುಗಿ ನೋಡಲು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಬೇಕಾಯಿತು.

ಒಟ್ಟು ಖರ್ಚು 34 ಸಾವಿರದ ಹತ್ತಿರ ಆಗಿರಬೇಕು, ದಂಡದ್ದೂ ಸೇರಿ. ಗಣಪತಿ ಮತ್ತು ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ಮುಕ್ಕಾಲು ಪಾಲು ಬಂದಿದೆ. ಈಗ ಹಿಡಿದಿರುವುದು ತಮಟೆ. ಬೆಂಕಿಗೆ ಹಿಡಿದು ಚರ್ಮ ಕಾಯಿಸಿದ ಮೇಲೆ ಐದೇ ನಿಮಿಷಕ್ಕೆ ಸ್ವರ ಇಳಿಯತೊಡಗುತ್ತದೆ, ಹೋದ ತಿಂಗಳು ತೆಗೆದ 30 ಪೆಟ್ಟುಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ತಾಳೆಯೇ ಆಗಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗುತ್ತಿದ್ದೇನೆ. ಆರು ಪೆಟ್ಟಿಗೊಮ್ಮೆ ಕಾಯಿಸಿಕೊಳ್ಳುವುದು ಅಂತ ಮಾತಾಗಿದೆ. ಪ್ಯಾಡಣ್ಣನೂ ಬರುತ್ತಾರಂತೆ, ಒಣ ಗರಿ ಅವರೇ ತರುತ್ತಾರೆ.