ಬಳ್ಳಾರಿ ಬಯಲಲ್ಲಿ ಆರ್‌ಸಿ ವಿಮಾನ: ಕೈ ಬಿಡುವ ಮುಂಚೆ ನೋಡಬೇಕಾದ್ದು

ಆರ್‌ಸಿ ವಿಮಾನ, ಅಂದರೆ ರಿಮೋಟಿನಿಂದ ಆಡಿಸುವ ಪುಟ್ಟ ವಿಮಾನ ಹಾರಿಸುವುದಕ್ಕೆ ನಮ್ಮ ಬಳ್ಳಾರಿ ಕಡೆ ಜಾಗಕ್ಕೇನೂ ಬರವಿಲ್ಲ. ಸುಗ್ಗಿ ಮುಗಿದರೆ ಎತ್ತ ನೋಡಿದರೂ ಬಯಲು. ಆದರೂ ನನ್ನ ಮೊದಲ ವಿಮಾನ ಗಾಳಿಯಲ್ಲಿದ್ದದ್ದು ಬರೀ ಮೂರು ಸೆಕೆಂಡ್. ಹಿಂದಿನ ರಾತ್ರಿ ಸರ್ವೋ (ರೆಕ್ಕೆಯ ಪಟ್ಟಿ ಆಡಿಸುವ ಪುಟ್ಟ ಮೋಟರ್) ಬದಲಿಸಿದ್ದೆ, ಐಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆ ಹಿಂಬದಿಯ ಆ ಪಟ್ಟಿ) ಉಲ್ಟಾ ಆಗಿತ್ತು, ಬೆಳಿಗ್ಗೆ ನೋಡಲಿಲ್ಲ. ಎಡಕ್ಕೆ ವಾಲಿತು ಅಂತ ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಿದೆ, ಅದು ಇನ್ನಷ್ಟು ಎಡಕ್ಕೆ ಉರುಳಿ ಸೀದಾ ಜಾಲಿ ಕಂಟಿಯೊಳಗೆ. ಬಳ್ಳಾರಿ ಜಾಲಿ ಗೊತ್ತಲ್ಲ, ಊರಿನ ಹೆಸರನ್ನೇ ಇಟ್ಟುಕೊಂಡ ಮುಳ್ಳು. ಕುಡಗೋಲು ತಂದು ಬಿಡಿಸುವಷ್ಟರಲ್ಲಿ ರೆಕ್ಕೆ ಜರಡಿ ಆಗಿತ್ತು. ಹಾಗಾಗಿ ಇಲ್ಲಿ ಹಾರಿಸುವುದಕ್ಕಿಂತ ಅದರ ಮುಂಚಿನ ಕೆಲಸದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಜಾಗ ಹುಡುಕುವಾಗ ಕರೆಂಟ್ ತಂತಿ, ರಸ್ತೆ, ಮನೆ, ಕುರಿ ಹಿಂಡು ಎಲ್ಲದರಿಂದ ದೂರ ಇರಲಿ. ಹೊಲದವರನ್ನು ಒಂದು ಮಾತು ಕೇಳಿ. ಡ್ರೋನ್‌ಗಳಿಗೆಂದು ಸರ್ಕಾರ ಮಾಡಿದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು (ಮುಂಚೆ ಅನುಮತಿ ಬೇಡದ) ವಲಯದಲ್ಲಿದೆಯಾ ನೋಡಿ. ಹಸಿರಾದರೆ 400 ಅಡಿವರೆಗೆ ಹಾರಿಸಬಹುದು, ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ನಡುವೆ ಇದ್ದರೆ 200 ಅಡಿಯಷ್ಟೇ. ತೋರಣಗಲ್ಲು ಸುತ್ತಮುತ್ತ ಇರುವವರು ಇದನ್ನು ಸುಮ್ನೆ ಬಿಡಬೇಡಿ, ಅಲ್ಲಿ ನಿಜವಾದ ವಿಮಾನ ಇಳಿಯುತ್ತದೆ. 2021ರ ಡ್ರೋನ್ ನಿಯಮದ ಪ್ರಕಾರ 2 ಕಿಲೋವರೆಗಿನದನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಲೈಸೆನ್ಸ್ ಬೇಡ. ನೋಂದಣಿ ಬೇರೆ ವಿಷಯ, ಅದನ್ನೂ ನೋಡಿಕೊಳ್ಳಿ.

ಹೊತ್ತು ಅಂದರೆ ಬೆಳಗಿನ ಜಾವವೇ. ವಗ್ಗರಣೆ ಮಿರ್ಚಿ ತಿಂದು ಹೋಗೋಣ ಅಂದರೆ ಎಂಟಾಗುತ್ತದೆ, ಗಾಳಿ ಎದ್ದಿರುತ್ತದೆ. ಹಾರಿಸಿ ಬಂದು ತಿನ್ನಿ.

ಬ್ಯಾಟರಿ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲ. ಲಿಪೋ (ಈ ವಿಮಾನಗಳ ಲಿಥಿಯಂ ಪಾಲಿಮರ್ ಬ್ಯಾಟರಿ) ಹೊತ್ತಿಕೊಂಡರೆ ಸುಲಭಕ್ಕೆ ಆರುವುದಿಲ್ಲ, ಅದಕ್ಕೆ ಚಾರ್ಜ್ ಮಾಡುವಾಗ ಪಕ್ಕದಲ್ಲೇ ಕೂರುತ್ತೇನೆ, ಕಡಪಾ ಕಲ್ಲಿನ ಮೇಲೆ ಇಡುತ್ತೇನೆ, ಒಂದು ಬಕೆಟ್ ಒಣ ಮರಳು ಹತ್ತಿರ ಇರುತ್ತದೆ. 2200 ಎಂಎಎಚ್ ಬ್ಯಾಟರಿಗೆ 2.2 ಆಂಪ್ ಸಾಕು, ಎಲ್ಲ ಸೆಲ್ಲನ್ನೂ ಸಮನಾಗಿ ತುಂಬಿಸುವ ಬ್ಯಾಲೆನ್ಸ್ ಮೋಡ್‌ನಲ್ಲಿ. ಮೂರು ಸೆಲ್ಲಿನದು ತುಂಬಿದಾಗ 12.6 ವೋಲ್ಟ್ ತೋರಿಸಬೇಕು. ಉಬ್ಬಿದ್ದರೆ ಮತ್ತೆ ಚಾರ್ಜಿಗೆ ಹಾಕಬೇಡಿ, 'ಇದೊಂದು ಸಲ' ಅಂತಲೂ ಬೇಡ. ಇನ್ನು ನಮ್ಮೂರ ಮೇ ತಿಂಗಳ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಬ್ಯಾಟರಿ ಬಿಟ್ಟು ಹೋಗುವುದು ಒಲೆ ಮೇಲೆ ಇಟ್ಟ ಹಾಗೆ.

ಮನೆಯಲ್ಲಿ ಸೆಟ್ಟಿಂಗ್ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ಬ್ಯಾಟರಿ ಹಾಕಿಯೇ ತೂಕದ ಮಧ್ಯ ನೋಡಿ. ರೆಕ್ಕೆಯ ಮುಂದಿನ ಅಂಚಿನಿಂದ ರೆಕ್ಕೆ ಅಗಲದ ಕಾಲು ಭಾಗ ಅಥವಾ ಸ್ವಲ್ಪ ಜಾಸ್ತಿ, ಅಂದರೆ 20 ಸೆಂ.ಮೀ. ಅಗಲಕ್ಕೆ 5ರಿಂದ 6 ಸೆಂ.ಮೀ. ಹಿಂದೆ, ಎರಡೂ ಕಡೆ ಬೆರಳು ಕೊಟ್ಟು ಎತ್ತಿ. ಮೂಗು ಚೂರು ಕೆಳಗೆ ವಾಲಿದರೆ ಪರವಾಗಿಲ್ಲ. ಬಾಲ ವಾಲಿದರೆ ಬ್ಯಾಟರಿ ಮುಂದಕ್ಕೆ ತಳ್ಳಿ.

ಬಯಲಲ್ಲಿ ಮೊದಲು ರಿಮೋಟ್ ಆನ್, ಆಮೇಲೆ ವಿಮಾನದ ಬ್ಯಾಟರಿ. ಬ್ಯಾಟರಿ ಸಿಕ್ಕಿಸಿದ ಗಳಿಗೆಯಿಂದ ಪ್ರೊಪೆಲ್ಲರ್ ತಿರುಗುತ್ತಲೇ ಇದೆ ಅಂದುಕೊಳ್ಳಿ, ಅದರ ಮುಂದೆ ಯಾರೂ ನಿಲ್ಲಬಾರದು. ಈಗ ವಿಮಾನದ ಹಿಂದೆ ನಿಂತು ಕಡ್ಡಿ ಬಲಕ್ಕೆ ಒತ್ತಿ. ಬಲಗಡೆ ಐಲೆರಾನ್ ಮೇಲೆ ಏಳಬೇಕು, ಎಡಗಡೆಯದು ಇಳಿಯಬೇಕು. ಒತ್ತಿದ ಕಡೆಯದು ಏಳುತ್ತದೆ, ಅಷ್ಟು ನೆನಪಿಟ್ಟರೆ ಸಾಕು. ಎಲಿವೇಟರ್ (ಬಾಲದ ಅಡ್ಡ ಪಟ್ಟಿ) ಕಡ್ಡಿ ನಿಮ್ಮ ಕಡೆ ಎಳೆದರೆ ಅದು ಮೇಲೆ, ರಡ್ಡರ್ (ಬಾಲದ ನಿಂತ ಪಟ್ಟಿ) ಕಡ್ಡಿ ಬಲಕ್ಕೆ ಒತ್ತಿದರೆ ಅದು ಬಲಕ್ಕೆ. ನಾನೀಗ ಬಾಯಿಬಿಟ್ಟು ಹೇಳಿಕೊಂಡೇ ನೋಡುತ್ತೇನೆ, ನಗುವವರು ನಗಲಿ. ಆಮೇಲೆ ರೇಂಜ್ ಟೆಸ್ಟ್ ಮೋಡ್ (ರಿಮೋಟಿನ ಸಿಗ್ನಲ್ ಬೇಕಂತಲೇ ತಗ್ಗಿಸುವುದು) ಹಾಕಿ ಸುಮಾರು 30 ಹೆಜ್ಜೆ ದೂರ ಹೋಗಿ ಈ ಪಟ್ಟಿಗಳು ಆಡುತ್ತವಾ ನೋಡಿ. ಸಿಗ್ನಲ್ ಕಡಿದರೆ ಮೋಟರ್ ತಾನೇ ನಿಲ್ಲುತ್ತದಾ ಅನ್ನುವ ಫೇಲ್‌ಸೇಫ್ ಪರೀಕ್ಷೆಗೆ ಇನ್ನೊಬ್ಬರು ವಿಮಾನವನ್ನು ಹಿಂದಿನಿಂದ ಗಟ್ಟಿ ಹಿಡಿದಿರಲಿ, ಥ್ರಾಟಲ್ (ಮೋಟರ್ ವೇಗದ ಕಡ್ಡಿ) ಚೂರು ಕೊಟ್ಟು ರಿಮೋಟ್ ಆಫ್ ಮಾಡಿ. ಮೋಟರ್ ನಿಲ್ಲಬೇಕು. ನಿಲ್ಲದಿದ್ದರೆ ಅವತ್ತು ಗಾಡಿ ವಾಪಸ್ ಮನೆಗೆ.

ಅಷ್ಟರಲ್ಲಿ ಹುಡುಗರು ಸೇರಿರುತ್ತಾರೆ. 'ಅಣ್ಣಾ, ಒಂದ್ಸಲ ಕೊಡಣ್ಣಾ' ಶುರು. ನಿಮ್ಮ ಬೆನ್ನ ಹಿಂದೆ ಚಪ್ಪಲಿಯಿಂದ ಒಂದು ಗೆರೆ ಎಳೆದು ದಾಟಬೇಡಿ ಅನ್ನಿ. ಥ್ರಾಟಲ್ ಕಟ್ ಸ್ವಿಚ್ ಒಂದು ಇಟ್ಟುಕೊಳ್ಳಿ, ಕೈ ತಗಲಿದರೂ ಮೋಟರ್ ತಿರುಗಬಾರದು.

ಗಾಳಿ ಯಾವ ಕಡೆಯದು ಅಂತ ರಾಶಿ ತೂರುವವರ ಹಾಗೆ ಒಂದು ಹಿಡಿ ಮಣ್ಣು ಬಿಟ್ಟು ನೋಡಿ. ಗಾಳಿಗೆ ಎದುರಾಗಿ, ನೆಲಕ್ಕೆ ಸಮವಾಗಿ, ಮೂಗು ಸ್ವಲ್ಪವೇ ಎತ್ತಿ ಎಸೆಯಬೇಕು. ಮೊದಲ ಸಲ ಎಸೆಯುವುದು ಗೆಳೆಯನ ಕೆಲಸ, ನಿಮ್ಮ ಎರಡೂ ಕೈ ರಿಮೋಟ್ ಮೇಲಿರಲಿ. ಎರಡು ತೆಂಗಿನ ಮರದ ಎತ್ತರ ಹತ್ತುವವರೆಗೆ ತಿರುಗಿಸಬೇಡಿ. ಸೂರ್ಯನಿಗೆ ಬೆನ್ನು ಹಾಕಿ ನಿಂತು, ವಿಮಾನ ಸದಾ ನಿಮ್ಮ ಮುಂದೆಯೇ ಇರಲಿ. ನಿಮ್ಮ ಕಡೆಗೆ ಬರುವಾಗ ಎಡಬಲ ಅದಲು ಬದಲಾಗಿ ತಲೆ ಕೆಡುತ್ತದೆ. ಆಗ ಯಾವ ರೆಕ್ಕೆ ಕೆಳಗಿದೆಯೋ ಆ ಕಡೆಗೆ ಕಡ್ಡಿ ಒತ್ತಿ, ಸಮ ಆಗುತ್ತದೆ. ಹದ್ದು ಬೆನ್ನು ಹತ್ತಿದರೆ ಇಳಿಸಿಬಿಡಿ.

ರಿಮೋಟಿನಲ್ಲಿ ಐದು ನಿಮಿಷದ ಟೈಮರ್ ಇಡಿ. ಅದು ಕೂಗಿದರೆ ಇಳಿಯುವ ಹೊತ್ತು, ಮತ್ತೆ ಗಾಳಿಗೆ ಎದುರಾಗಿಯೇ. ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದೆ, ಚಕ್ರ ಆ ಬಿರುಕಿಗೆ ಸಿಕ್ಕರೆ ವಿಮಾನ ಮೂಗು ಕುಟ್ಟಿಕೊಂಡು ಪ್ರೊಪೆಲ್ಲರ್ ಮುರಿಯುತ್ತದೆ. ನಾನಂತೂ ಚಕ್ರ ಕಿತ್ತುಹಾಕಿ, ಹೊಟ್ಟೆ ಮೇಲೆ ಇಳಿಸುತ್ತೇನೆ. ನೆಲ ಮುಟ್ಟುವ ಮುಂಚೆ ಥ್ರಾಟಲ್ ಪೂರ್ತಿ ಕೆಳಗೆ.

ಇಳಿದ ಮೇಲೆ ಮೊದಲು ವಿಮಾನದ ಬ್ಯಾಟರಿ ತೆಗೆದು, ಆಮೇಲೆ ರಿಮೋಟ್ ಆಫ್ ಮಾಡಿ. ಬ್ಯಾಟರಿ ತಣ್ಣಗಾದ ಮೇಲೆ ಸೆಲ್ಲಿಗೆ 3.8 ವೋಲ್ಟಿನಷ್ಟು ಇಟ್ಟು ಎತ್ತಿಡಿ. ಮುಂದಿನ ಭಾನುವಾರ ಗಾಳಿ ಹೇಗಿರುತ್ತದೋ ಯಾರಿಗೆ ಗೊತ್ತು, ತುಂಬಿಸಿಟ್ಟ ಬ್ಯಾಟರಿ ವಾರಗಟ್ಟಲೆ ಸುಮ್ನೆ ಕೂತರೆ ಅದೂ ಉಬ್ಬುತ್ತದೆ.