ಮರಿ ಅಂದುಕೊಂಡದ್ದು ಅಬ್ಬಿಯಾಗಿತ್ತು

ಬೋಣಿ ಆಗುವ ಮೊದಲು ಯಾರ ಬುಟ್ಟಿಗೂ ಕೈ ಹಾಕಬಾರದು. ಗಂಗೊಳ್ಳಿ ಬಂದರಿನಲ್ಲಿ ನಾನು ಕಲಿತ ಮೊದಲ ಪಾಠ ಇದು. ಬೆಳಿಗ್ಗೆ ಐದೂವರೆಗೆ ಅಳತೆ ಪಟ್ಟಿ, ಪೆನ್ಸಿಲ್, ಪುಸ್ತಕ ಹಿಡಿದು ಹೋಗಿದ್ದೆ. ಬುಟ್ಟಿಯಲ್ಲಿ ತಾಟೆ, ಅಂದರೆ ಶಾರ್ಕ್, ಕಂಡ ಕೂಡಲೇ ಎತ್ತಿಬಿಟ್ಟೆ. ಮೀನು ಮಾರುವ ಅಕ್ಕ ಬೈಯಲಿಲ್ಲ. "ಒಂದ್ ಗಳಿಗೆ ನಿಲ್ಲಿ ಟೀಚರ್ರೆ, ಬೋಣಿ ಆಯ್ಲಿ" ಅಂದರು. ಅಷ್ಟೇ. ನಾನು ಮೀನನ್ನು ವಾಪಸ್ ಇಟ್ಟು ಕಾದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಕಡಲಿನ ಸಂಶೋಧನೆ ನನ್ನ ಕೆಲಸ ಅಲ್ಲ. ನಮ್ಮದು ಏಳು ಜನರ ಗುಂಪು, ಎಲ್ಲರೂ ಸಂಬಳವಿಲ್ಲದೆ ರಜೆ ದಿನಗಳಲ್ಲಿ ಬರುವವರು. ಕಡಲ ಜೀವಿಗಳನ್ನು ಓದಿಕೊಂಡ ಒಬ್ಬರು ನಮಗೆ ಎರಡು ದಿನ ತರಬೇತಿ ಕೊಟ್ಟರು. ನಮ್ಮ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಪಂಚಗಂಗಾವಳಿ ಅಳಿವೆಯ ಹೊರಗೆ, ದಡಕ್ಕೆ ಹತ್ತಿರದ ಕಡಲಿನಲ್ಲಿ, ಶಾರ್ಕ್‌ಗಳು ಮರಿ ಹಾಕಿ ಆ ಮರಿಗಳು ಬೆಳೆಯುವ ಜಾಗ ಏನಾದರೂ ಇದೆಯಾ?

ಶಾರ್ಕ್‌ಗೆ ನಮ್ಮ ಕಡೆ ತಾಟೆ ಅನ್ನುತ್ತಾರೆ. ಕೊಂಕಣಿ ಮಾತಾಡುವ ಖಾರ್ವಿಯವರು ಮೋರಿ ಅನ್ನುತ್ತಾರೆ. ಬಂಗುಡೆ, ಬೂತಾಯಿ ಹಾಗೆ ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನು ಇದಲ್ಲ. ಎಷ್ಟೋ ಜಾತಿಯ ತಾಟೆಗಳು ಹೊಟ್ಟೆಯಲ್ಲೇ ಮರಿ ಬೆಳೆಸಿ ಹೆರುತ್ತವೆ, ಅದೂ ಕೆಲವೇ ಮರಿ. ಹೆತ್ತ ಮೇಲೆ ತಾಯಿ ಹೊರಟುಹೋಗುತ್ತದೆ. ಮರಿ ತಾನೇ ಬದುಕಬೇಕು. ಅದಕ್ಕೇ ದೊಡ್ಡ ಮೀನುಗಳು ಕಡಿಮೆ ಬರುವ, ಆಳ ಇಲ್ಲದ ಜಾಗ ಅದಕ್ಕೆ ಬೇಕು. 2021ರ ಜಾಗತಿಕ ಲೆಕ್ಕದ ಪ್ರಕಾರ ತಾಟೆ, ತೊರಕೆ (ರೇ ಮೀನು) ಜಾತಿಗಳಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಅಳಿವಿನ ಅಂಚಿಗೆ ಹೋಗುತ್ತಿವೆ. ಮರಿ ಬೆಳೆಯುವ ಜಾಗ ಗೊತ್ತಿಲ್ಲದೆ ಇವುಗಳನ್ನು ಉಳಿಸುವುದು ಹೇಗೆ? ನಾನು ಈ ಕೆಲಸಕ್ಕೆ ಬಂದದ್ದು ಇದನ್ನು ಕೇಳಿಯೇ.

ಮೊದಲ ತಿಂಗಳು ನಮಗೆ ತುಂಬಾ ಸಂತೋಷ. ಬುಟ್ಟಿ ಬುಟ್ಟಿಯಲ್ಲಿ ಚಿಕ್ಕ ತಾಟೆಗಳು! ಒಂದು ಅಡಿ, ಒಂದೂಕಾಲು ಅಡಿ ಉದ್ದ, ಚಪ್ಪಟೆ ಚೂಪು ಮೂತಿ. ಎಲ್ಲವನ್ನೂ ಅಳೆದು "ಮರಿ" ಅಂತ ಬರೆದೆವು. ಪುಸ್ತಕದ ನಾಲ್ಕು ಪುಟ ತುಂಬಿತು. ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಅಂತ ಅನ್ನಿಸಿತ್ತು.

ಒಂದು ದಿನ ಅದೇ ಅಕ್ಕ ಮೀನು ಕೊಯ್ಯುತ್ತಾ ಕೂತಿದ್ದರು. ನಾನು ಬರೆಯುವುದನ್ನು ನೋಡಿ "ಎಂತ ಬರೀತ್ರಿ?" ಅಂತ ಕೇಳಿದರು. ತಾಟೆ ಮರಿ ಲೆಕ್ಕ ಅಂದೆ. ಅವರು ಕತ್ತಿ ನಿಲ್ಲಿಸಿದರು. "ಇದ್ ಮರಿ ಅಲ್ಲ ಮಾರಾಯ್ರೆ, ಅಬ್ಬಿ. ಇಲ್ ಕಾಣಿ" ಅಂದು ಹೊಟ್ಟೆ ಸೀಳಿ ತೋರಿಸಿದರು. ಅಬ್ಬಿ ಅಂದರೆ ನಮ್ಮ ಕಡೆ ತಾಯಿ. ಒಳಗೆ ಬೆರಳುದ್ದದ ಮರಿಗಳು, ಒಂದಕ್ಕೊಂದು ಒತ್ತಿಕೊಂಡು. ಎಣಿಸಿದೆ, ಒಂಬತ್ತು ಇದ್ದವು.

ಅದು ಸ್ಕೋಲಿಯೋಡಾನ್ ಅನ್ನುವ ಚಿಕ್ಕ ಜಾತಿ. ಹುಟ್ಟುವಾಗ 12ರಿಂದ 15 ಸೆಂ.ಮೀ. ಇರುತ್ತದೆ. 35 ಸೆಂ.ಮೀ. ಆಗುವ ಹೊತ್ತಿಗೆ ಹೆಣ್ಣು ಬಸಿರಾಗುವಷ್ಟು ಬೆಳೆದಿರುತ್ತದೆ. ನಾವು ಮರಿ ಅಂತ ಬರೆದದ್ದರಲ್ಲಿ ಹೆಚ್ಚಿನವು ಬೆಳೆದ ಮೀನುಗಳು, ಕೆಲವು ಬಸುರಿಯರು. ಆ ನಾಲ್ಕೂ ಪುಟ ಹೊಡೆದುಹಾಕಿದೆವು. ಹರಿದು ಬಿಸಾಡಲಿಲ್ಲ. ಹೊಸಬರು ಬಂದಾಗ ಈಗಲೂ ಮೊದಲು ಅದನ್ನೇ ತೋರಿಸುತ್ತೇನೆ. ಉದ್ದ ನೋಡಿ ಮರಿ ಅನ್ನಬೇಡಿ, ಮೊದಲು ಜಾತಿ ಗುರುತಿಸಿ.

ಜಾತಿ ಆದ ಮೇಲೆ ನೋಡಬೇಕಾದ್ದು ಹೊಕ್ಕುಳು. ಹೌದು, ಈ ತಾಟೆಗಳಿಗೆ ಹೊಕ್ಕುಳು ಇದೆ. ಸ್ಕೋಲಿಯೋಡಾನ್, ಹಾಲು ಶಾರ್ಕ್, ಸುತ್ತಿಗೆ ತಲೆಯ ತಾಟೆ, ಇವೆಲ್ಲ ಹೊಟ್ಟೆಯೊಳಗೆ ಬಳ್ಳಿಯ ಮೂಲಕ ತಾಯಿಯಿಂದ ಆಹಾರ ಪಡೆಯುತ್ತವೆ, ನಮ್ಮ ಹಾಗೆಯೇ. ಮೀನನ್ನು ಮಗುಚಿ ಹಾಕಿ. ಎರಡು ಎದೆ ರೆಕ್ಕೆಗಳ ನಡುವೆ ನೋಡಿ. ಗಾಯ ಬಾಯಿ ತೆರೆದಿದ್ದರೆ ಹುಟ್ಟಿ ಕೆಲವೇ ದಿನ. ಅರ್ಧ ಕೂಡಿದ್ದರೆ ಕೆಲವು ವಾರ. ಸಣ್ಣ ಗೆರೆ ಮಾತ್ರ ಉಳಿದಿದ್ದರೆ ಇನ್ನೂ ದೊಡ್ಡದು. ನಾವು ಪುಸ್ತಕದಲ್ಲಿ ತೆರೆದದ್ದು, ಅರ್ಧ, ಗೆರೆ, ಇಲ್ಲ ಅಂತ ನಾಲ್ಕು ಕಾಲಂ ಮಾಡಿಕೊಂಡೆವು. ನಮ್ಮ ಇಡೀ ಸಮೀಕ್ಷೆಯಲ್ಲಿ ನನಗೆ ತುಂಬಾ ನಂಬಿಕೆ ಇರುವುದು ಈ ನಾಲ್ಕು ಕಾಲಂ ಮೇಲೆ.

ಇಷ್ಟಾದರೂ ಹೊಸದಾಗಿ ಹುಟ್ಟಿದ ಮರಿ ಸಿಕ್ಕಿದ ಜಾಗಕ್ಕೆಲ್ಲ ನರ್ಸರಿ, ಅಂದರೆ ಮರಿ ಬೆಳೆಯುವ ಜಾಗ, ಅನ್ನುವಂತಿಲ್ಲ. 2007ರಲ್ಲಿ ಹ್ಯೂಪೆಲ್, ಕಾರ್ಲ್ಸನ್, ಸಿಂಪ್ಫೆಂಡಾರ್ಫರ್ ಅನ್ನುವ ಮೂವರು ವಿಜ್ಞಾನಿಗಳು ಇದಕ್ಕೆ ಮೂರು ಪರೀಕ್ಷೆ ಹೇಳಿದರು. ಬೇರೆ ಜಾಗಕ್ಕಿಂತ ಅಲ್ಲಿ ಮರಿಗಳು ಜಾಸ್ತಿ ಸಿಗಬೇಕು. ಬಂದ ಮರಿಗಳು ಅಲ್ಲೇ ತುಂಬಾ ದಿನ ಇರಬೇಕು, ಇಲ್ಲವೇ ಮತ್ತೆ ಮತ್ತೆ ಅಲ್ಲಿಗೇ ಬರಬೇಕು. ವರ್ಷ ವರ್ಷವೂ ಆ ಜಾಗ ಬಳಕೆಯಲ್ಲಿರಬೇಕು. ಮೂರೂ ಆಗಬೇಕು, ಒಂದು ಆದರೆ ಸಾಲದು.

ಮೊದಲನೆಯದೇ ನಮಗೆ ತುಂಬಾ ಕೆಲಸ ಕೊಟ್ಟಿತು. "ಬೇರೆ ಜಾಗಕ್ಕಿಂತ" ಅನ್ನಬೇಕಾದರೆ ಬೇರೆ ಜಾಗವನ್ನೂ ಎಣಿಸಬೇಕಲ್ವಾ? ಹಾಗಾಗಿ ಮರವಂತೆ ಕಡೆಯ ದಡಕ್ಕೂ ವಾರಕ್ಕೊಮ್ಮೆ ಹೋದೆವು. ಅಲ್ಲಿ ಎಷ್ಟೋ ದಿನ ಒಂದು ತಾಟೆಯೂ ಇಲ್ಲ. ಗುಂಪಿನ ಹುಡುಗನೊಬ್ಬ ಕೇಳಿದ, ಏನೂ ಇಲ್ಲದ ದಿನ ಏನು ಬರೆಯೋದು ಮೇಡಂ ಅಂತ. ಸೊನ್ನೆ ಬರಿ ಅಂದೆ. ಯಾವ ಬಲೆ, ಎಷ್ಟು ಹೊತ್ತು ನೀರಲ್ಲಿತ್ತು, ಎಷ್ಟು ದೋಣಿ ನೋಡಿದೆವು, ಎಷ್ಟು ತಾಟೆ: ಸೊನ್ನೆ. ಸೊನ್ನೆ ಬರೆಯದ ಪುಸ್ತಕದಲ್ಲಿ ಎಲ್ಲ ಜಾಗವೂ ಮರಿಗಳ ಮನೆಯಂತೆ ಕಾಣುತ್ತದೆ. ಮಳೆಯಲ್ಲಿ ಬಸ್ ಹಿಡಿದು ಹೋಗಿ ಸೊನ್ನೆ ಬರೆದು ಬರುವುದು ಬೇಜಾರಿನ ಕೆಲಸ, ನಿಜ. ಇಬ್ಬರು ಅಲ್ಲಿಗೇ ಬಿಟ್ಟರು.

ಬಲೆಯ ಕಣ್ಣಿನ ಅಳತೆ ಬರೆಯುವುದನ್ನೂ ಮರೆಯಬಾರದು. ದೊಡ್ಡ ಕಣ್ಣಿನ ಬಲೆಯಿಂದ ಚಿಕ್ಕ ಮರಿ ತಪ್ಪಿಸಿಕೊಂಡು ಹೋಗುತ್ತದೆ. ಒಂದು ಕಡೆ ಮರಿ ಜಾಸ್ತಿ ಕಂಡರೆ ಅದು ಬಲೆಯಿಂದಲೂ ಇರಬಹುದು. ನಾವು ಇದನ್ನು ಐದನೇ ತಿಂಗಳಿಗೆ ಶುರು ಮಾಡಿದೆವು, ತಡವಾಯಿತು. ನೀರೊಳಗೆ ಕ್ಯಾಮೆರಾ ಇಳಿಸಿಯೂ ನೋಡಿದೆವು. ಅಳಿವೆ ಹತ್ತಿರದ ಕೆಸರು ನೀರಿನಲ್ಲಿ ಕಂಡದ್ದು ಬರೀ ಕಂದು ಬಣ್ಣ.

ಮೀನುಗಾರರ ಹತ್ತಿರ ಕೇಳುವ ರೀತಿಯನ್ನೂ ಬದಲಾಯಿಸಬೇಕಾಯಿತು. "ಇಲ್ಲಿ ತಾಟೆ ಮರಿ ಹಾಕ್ತದಾ ಅಣ್ಣ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಅದು ಸುಳ್ಳಲ್ಲ, ದೂರದಿಂದ ಬಂದವರನ್ನು ಸುಮ್ನೆ ನಿರಾಸೆ ಮಾಡುವುದು ಬೇಡ ಅನ್ನುವ ಒಳ್ಳೆಯತನ. ಆಮೇಲೆ ನಾವು ಚಿತ್ರದ ಕಾರ್ಡ್‌ಗಳನ್ನು ಮುಂದಿಟ್ಟು ಸುಮ್ಮನೆ ಕೂತೆವು. ಅವರೇ ಎತ್ತಿಕೊಂಡು ಯಾವುದು ಯಾವಾಗ, ಎಲ್ಲಿ ಅಂತ ಹೇಳತೊಡಗಿದರು. ವಯಸ್ಸಾದ ಒಬ್ಬ ತಾಂಡೇಲರು (ದೋಣಿ ನಡೆಸುವ ಮುಖ್ಯಸ್ಥರು) ಗರಗಸ ಮೀನಿನ ಚಿತ್ರ ಹಿಡಿದು ತುಂಬಾ ಹೊತ್ತು ನೋಡಿದರು. ಅವರು ಹುಡುಗನಾಗಿದ್ದಾಗ ಅದರ ಮರಿ ಹೊಳೆಯೊಳಗೇ ಬಲೆಗೆ ಸಿಗುತ್ತಿತ್ತಂತೆ. ಗರಗಸ ಮೀನು 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ನಮ್ಮ ಪುಸ್ತಕದಲ್ಲಿ ಅದರ ಸಾಲು ಪೂರ್ತಿ ಸೊನ್ನೆ. ಆ ದಿನ ಮನೆಗೆ ಬಂದು ನನಗೆ ಊಟ ಸೇರಲಿಲ್ಲ.

ಮರಿಗಳ ಕಾಲ ಯಾವುದು ಅಂತ ಮೀನು ಮಾರುವ ಹೆಂಗಸರಿಗೆ ಚೆನ್ನಾಗಿ ಗೊತ್ತು. ತಾಟೆ ತಿಂದರೆ ಬಾಣಂತಿಗೆ ಹಾಲು ಜಾಸ್ತಿ ಆಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿದೆ. ಯಾವ ಮನೆಗೆ ಯಾವ ತಿಂಗಳು ಎಷ್ಟು ದೊಡ್ಡ ತಾಟೆ ಕೊಟ್ಟೆ ಅನ್ನುವುದು ಅವರಿಗೆ ಬಾಯಿಪಾಠ. ನಾವು ಬರೆದ ಲೆಕ್ಕವನ್ನು ಅವರ ಮಾತಿನ ಜೊತೆ ಇಟ್ಟು ನೋಡುವುದು ಈಗ ರೂಢಿಯಾಗಿದೆ.

ಮಳೆಗಾಲದ ವಿಷಯ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ಬಂದರು ಖಾಲಿ. ಆಗ ಕಡಲಿಗೆ ಇಳಿಯುವವರು ನಾಡದೋಣಿಯವರು, ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವರು. ಅವರ ಬಲೆ ದಡದ ಹತ್ತಿರವೇ ಬೀಳುವುದರಿಂದ ನಮಗೆ ಬೇಕಾದ ಜಾಗದ ಸುದ್ದಿ ಅವರಿಂದಲೇ ಬರುತ್ತದೆ.

ಎರಡನೇ ವರ್ಷದ ಮಳೆಗಾಲದಲ್ಲಿ ಕೈರಂಪಣಿಗೆ ಜೀವಂತ ಮರಿಯೊಂದು ಬಂತು. ಸುತ್ತಿಗೆ ತಲೆ, ಮುಂಭಾಗದ ನಡುವೆ ಒಂದು ಸಣ್ಣ ಕಚ್ಚು. ಈ ಜಾತಿ ಇಡೀ ಜಗತ್ತಿನಲ್ಲೇ ಅಳಿವಿನ ತುದಿಗೆ ಬಂದು ನಿಂತಿದೆ. 46 ಸೆಂ.ಮೀ. ಉದ್ದ, ಹೊಕ್ಕುಳು ತೆರೆದಿತ್ತು. ಬಲೆ ಎಳೆದವರೇ "ಬಿಟ್ಟುಬಿಡಿ" ಅಂದರು. ಸೊಂಟದವರೆಗಿನ ನೀರಿಗೆ ಹೋಗಿ, ತಲೆ ಕಡಲಿನ ಕಡೆ ಮಾಡಿ ಹಿಡಿದೆ. ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ಕೈಯೊಳಗೆ ಒಂದು ಬಿಗಿ ಬಂತು, ಹೋಯಿತು. ಅವರಿಗೆ ನಾವು ದುಡ್ಡು ಕೊಡಲಿಲ್ಲ. ಮರಿಗೆ ಒಮ್ಮೆ ಬೆಲೆ ಕಟ್ಟಿದರೆ ಹುಡುಕಿ ಹಿಡಿಯುವುದು ಶುರುವಾಗುತ್ತದೆ ಅಂತ ಗುಂಪಿನಲ್ಲಿ ಮೊದಲೇ ಮಾತಾಡಿಕೊಂಡಿದ್ದೆವು. ಜಾಗದ ಗುರುತನ್ನು ಇಲ್ಲಿ ಬರೆಯದಿರುವುದೂ ಅದೇ ಭಯದಿಂದ.

ಎರಡನೇ ಪರೀಕ್ಷೆಯಲ್ಲಿ ನಾವು ಇನ್ನೂ ಹಿಂದಿದ್ದೇವೆ. ಮರಿ ಅಲ್ಲೇ ಉಳಿಯುತ್ತದಾ ಅಂತ ತಿಳಿಯಲು ಅದಕ್ಕೆ ಟ್ಯಾಗ್ ಹಾಕಬೇಕು. ನಮಗೆ ಅದರ ಅನುಮತಿಯೂ ಇಲ್ಲ, ದುಡ್ಡೂ ಇಲ್ಲ. ಅದೇ ಜಾಗದಲ್ಲಿ ತೆರೆದ ಹೊಕ್ಕುಳಿನ ಮರಿಗಳು ಬಂದ ಕೆಲವು ವಾರಕ್ಕೆ ಅರ್ಧ ಕೂಡಿದವು, ಆಮೇಲೆ ಗೆರೆ ಮಾತ್ರ ಇರುವವು ಸಿಗುತ್ತವಾ ಅಂತ ನೋಡುತ್ತಿದ್ದೇವೆ. ಇದು ಬರೀ ಸುಳಿವು. ನರ್ಸರಿ ಸಿಕ್ಕಿತು ಅಂತ ಯಾರಾದರೂ ನನ್ನ ಬಾಯಿಂದ ಹೇಳಿಸಲು ನೋಡಿದರೆ ನಾನು ಹೇಳುವುದಿಲ್ಲ.

ಮೂರನೆಯದಕ್ಕೆ ವರ್ಷಗಳೇ ಬೇಕು. ಬಹಾಮಾಸ್‌ನ ಬಿಮಿನಿ ದ್ವೀಪದಲ್ಲಿ ಹೆಣ್ಣು ನಿಂಬೆ ಶಾರ್ಕ್‌ಗಳು ತಾವು ಹುಟ್ಟಿದ ಜಾಗಕ್ಕೇ ಮರಿ ಹಾಕಲು ಬರುತ್ತವೆ ಅಂತ ತೋರಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಹೆರಿಗೆಗೆ ತವರಿಗೆ ಬಂದ ಹಾಗೆ. ನಮ್ಮದು ಈಗ ಮೂರನೇ ವರ್ಷ, ನಾಲ್ಕು ಜನ ಉಳಿದಿದ್ದೇವೆ.

ಮೊನ್ನೆ ಶಾಲೆಗೆ ಹೊರಡುವ ಹೊತ್ತಿಗೆ ಆ ಅಕ್ಕನ ಫೋನ್ ಬಂತು. "ಟೀಚರ್ರೆ, ಮೂರ್ ಮರಿ ಬದಿಗಿಟ್ಟಿದ್ದೆ. ಹೊಕ್ಳ್ ಕೂಡ್ಲಿಲ್ಲ. ಬೋಣಿ ಆಯ್ತ್, ಬನ್ನಿ." ಚೀಲದಲ್ಲಿ ಅಳತೆ ಪಟ್ಟಿ ಇತ್ತು. ಮೊದಲ ಪೀರಿಯಡ್ ನೋಡಿಕೊಳ್ಳಿ ಅಂತ ಸ್ಟಾಫ್ ರೂಮಿಗೆ ಫೋನ್ ಮಾಡಿ, ಗಂಗೊಳ್ಳಿ ಬಸ್ ಹತ್ತಿದೆ.